ಲ್ಯಾಂಡ್‌ಲೈನ್‌ನಲ್ಲಿ 010 ಹಾಕಿ ಮಾಡುತ್ತಿದ್ದ ಕಾಲ್ ಈಗ ಹೋಗ್ತಾನೇ ಇಲ್ಲ, ಜರ್ಮನಿಯಲ್ಲಿ ಇರೋರು ಹೇಳಿ

ಜೋಗದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ತುಂಬಾ ವರ್ಷದಿಂದ ಇರುವವರು ಯಾರಾದರೂ ಇದ್ದರೆ ಸ್ವಲ್ಪ ಸಹಾಯ ಮಾಡಿ. ನಾನು ಓದೋದಕ್ಕೆ ಬಂದವಳು, ಸ್ಟುಟ್‌ಗಾರ್ಟ್ ಹತ್ತಿರ ದೊಡ್ಡಮ್ಮನ ಮನೆಯಲ್ಲಿದ್ದೇನೆ. ದೊಡ್ಡಮ್ಮ ಇಲ್ಲಿಗೆ ಬಂದು ಮೂವತ್ತು ವರ್ಷದ ಹತ್ತಿರ ಆಯಿತು. ಅವರಿಗೆ ಊರಿಗೆ ಮಾತಾಡೋದು ಅಂದರೆ ಹಾಲ್‌ನಲ್ಲಿರುವ ಲ್ಯಾಂಡ್‌ಲೈನೇ. ಅಜ್ಜಿ ಮನೆ ಸಾಗರದಿಂದ ಒಳಗೆ, ಅಲ್ಲಿ ಮೊಬೈಲ್ ಸಿಗ್ನಲ್ ಬೇಕಂದ್ರೆ ತೋಟದ ಏರಿ ಹತ್ತಬೇಕು, ಹಾಗಾಗಿ ಅಜ್ಜಿ ಹತ್ತಿರ ಇರೋದೂ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಒಂದೇ.

ಸಮಸ್ಯೆ ಏನಂದ್ರೆ ಫೋನಿನಲ್ಲಿ "ಅಮ್ಮ" ಅಂತ ಸೇವ್ ಆಗಿರುವ ನಂಬರ್ ಒತ್ತಿದರೆ ಜನವರಿಯಿಂದ ಕಾಲ್ ಹೋಗುತ್ತಲೇ ಇಲ್ಲ. ಜರ್ಮನ್‌ನಲ್ಲಿ ಏನೋ ಹೇಳಿ ಕಟ್ ಆಗುತ್ತದೆ. ನನ್ನ ಜರ್ಮನ್ ಇನ್ನೂ ಬೇಕರಿಯಲ್ಲಿ ಬ್ರೆಡ್ ತಗೊಳ್ಳುವಷ್ಟೇ, ಆ ಹೆಂಗಸು ಏನು ಹೇಳುತ್ತಾಳೋ ಅರ್ಥ ಆಗಲ್ಲ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಸಿಟ್ಟಿನಲ್ಲಿ ಇಟ್ಟುಬಿಡ್ತಾರೆ.

ಸೇವ್ ಆಗಿರುವ ನಂಬರ್ ತೆಗೆದು ನೋಡಿದೆ. ಮೊದಲು 010, ಆಮೇಲೆ ಎರಡು ಅಂಕಿ, ಅದಾದ ಮೇಲೆ 0091, ಆಮೇಲೆ ಸಾಗರದ 8183, ಆಮೇಲೆ ಅಜ್ಜಿ ನಂಬರ್. ಮುಂದೆ ಇರುವ ಆ ಐದು ಅಂಕಿ ಏನು? ಫೋನ್ ಪಕ್ಕದಲ್ಲಿ ದೊಡ್ಡಪ್ಪನ ಕೈಬರಹದ ಒಂದು ಪುಟ್ಟ ಡೈರಿಯೂ ಇದೆ. ಪುಟದ ತುಂಬ 010 ನಂಬರ್‌ಗಳು, ಪಕ್ಕದಲ್ಲಿ ಗಂಟೆ, ಸೆಂಟ್ ಲೆಕ್ಕ, ಒಂದನ್ನು ಹೊಡೆದು ಹಾಕಿ ಕೆಳಗೆ ಇನ್ನೊಂದು. ಅವರು ತೀರಿಹೋಗಿ ಎರಡು ವರ್ಷ ಆಯಿತು, ಇಲ್ಲದಿದ್ದರೆ ಅವರನ್ನೇ ಕೇಳುತ್ತಿದ್ದೆ. ಡೈರಿಯಲ್ಲಿ ಇರೋದನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ, ಯಾವುದೂ ಕೆಲಸ ಮಾಡಲಿಲ್ಲ. ಲೈನ್ ಇಲ್ಲಿನ ದೊಡ್ಡ ಫೋನ್ ಕಂಪನಿ ಟೆಲಿಕಾಮ್‌ದೇ, ಊರೊಳಗಿನ ಕಾಲ್ ಎಲ್ಲ ಸರಿಯಾಗಿ ಹೋಗುತ್ತವೆ.

ಬೂತ್ ಭಟ್ಟ:

ಎದುರಿಗೆ ಇರುವ 010 ಮತ್ತು ಎರಡು ಅಂಕಿ ತೆಗೆದು ನೇರ 0091ರಿಂದ ಹೊಡೀರಿ, ಹೋಗುತ್ತೆ. ಅಷ್ಟೇ.

ಹಳೇ ಹೈಡೆಲ್‌ಬರ್ಗ್:

ತಂಗಿ, ಸ್ವಲ್ಪ ತಡಿ. ಭಟ್ಟರು ಹೇಳಿದ್ದು ಸುಳ್ಳಲ್ಲ, ಕಾಲ್ ಹೋಗುತ್ತೆ. ಆದರೆ ಬಿಲ್ಲೂ ಬರುತ್ತೆ!

ನಾನು 1999ರಲ್ಲಿ ಬಂದವನು, ಇದರ ಪೂರ್ತಿ ಕಥೆ ನೋಡಿದ್ದೇನೆ. ನಿಮ್ಮ ದೊಡ್ಡಪ್ಪನ ಡೈರಿ ಥರದ್ದೇ ಒಂದು ನಮ್ಮ ಮನೆಯಲ್ಲೂ ಇತ್ತು, ಫ್ರಿಜ್ ಮೇಲೆ ಆಯಸ್ಕಾಂತ ಹಾಕಿ ಅಂಟಿಸಿದ್ದ ಚೀಟಿ. ಅದಕ್ಕೆ ಇಲ್ಲಿ ಕಾಲ್ ಬೈ ಕಾಲ್ ಅಂತಿದ್ದರು. 1998ರ ಜನವರಿ 1ಕ್ಕೆ ಇಲ್ಲಿನ ಟೆಲಿಫೋನ್ ಮಾರುಕಟ್ಟೆ ಎಲ್ಲರಿಗೂ ತೆರೆಯಿತು. ಅಲ್ಲಿಯವರೆಗೆ ಟೆಲಿಕಾಮ್ ಒಂದೇ. ಹೊಸ ಕಂಪನಿಗಳು ಬಂದವು, ಆದರೆ ಅವರ ಹತ್ತಿರ ಮನೆಮನೆಗೆ ತಂತಿ ಎಲ್ಲಿತ್ತು? ಅದಕ್ಕೆ ಒಂದು ದಾರಿ ಮಾಡಿದರು. ತಂತಿ ಟೆಲಿಕಾಮ್‌ದೇ ಇರಲಿ, ನೀವು ಡಯಲ್ ಮಾಡುವಾಗ ಮೊದಲು 010 ಮತ್ತು ಕಂಪನಿಯ ಅಂಕಿ ಹಾಕಿದರೆ ಎಕ್ಸ್‌ಚೇಂಜ್ ಆ ಒಂದು ಕಾಲನ್ನು ಮಾತ್ರ ಆ ಕಂಪನಿಗೆ ದಾಟಿಸುತ್ತದೆ. ಮುಂದಿನ ಕಾಲ್ ಮತ್ತೆ ಮಾಮೂಲಿ. ಅರ್ಜಿ ಹಾಕೋದಿಲ್ಲ, ಸಹಿ ಹಾಕೋದಿಲ್ಲ, ದುಡ್ಡು ತಿಂಗಳ ಕೊನೆಗೆ ಟೆಲಿಕಾಮ್ ಬಿಲ್ಲಿನಲ್ಲೇ ಬೇರೆ ಸಾಲಾಗಿ ಬರುತ್ತಿತ್ತು. ಮೊದಮೊದಲು ದೂರದ ಕಾಲ್‌ಗೆ ಮಾತ್ರ ಇತ್ತು, ಲೋಕಲ್ ಕಾಲ್‌ಗೂ ಬಂದದ್ದು 2003ರ ಏಪ್ರಿಲ್‌ನಲ್ಲಿ.

ಇಂಡಿಯಾಕ್ಕೆ ಟೆಲಿಕಾಮ್‌ನ ನೇರ ದರದಲ್ಲಿ ಮಾತಾಡಿದರೆ ಕೈ ಸುಡುತ್ತಿತ್ತು, ಸರಿಯಾದ 010 ಹಾಕಿದರೆ ನಿಮಿಷಕ್ಕೆ ಕೆಲವೇ ಸೆಂಟ್‌ನಲ್ಲಿ ಮುಗಿಯುತ್ತಿತ್ತು. ಆದರೆ "ಸರಿಯಾದ" ಅನ್ನೋದೇ ಕಷ್ಟ. ದರ ಗಂಟೆಗೊಂದು, ದೇಶಕ್ಕೊಂದು, ಅದೂ ಇವತ್ತು ಇದ್ದದ್ದು ನಾಳೆ ಇಲ್ಲ. ಕಂಪನಿಗಳು ಪಟ್ಟಿಯಲ್ಲಿ ಮೊದಲು ಬರಬೇಕು ಅಂತ ಒಂದು ವಾರ ತೀರಾ ಕಡಿಮೆ ಮಾಡುತ್ತಿದ್ದವು, ಜನಕ್ಕೆ ಆ ನಂಬರ್ ರೂಢಿಯಾಯಿತು ಅಂದಮೇಲೆ ಸದ್ದಿಲ್ಲದೆ ಏರಿಸುತ್ತಿದ್ದವು. ಹಾಗಾಗಿ ಭಾನುವಾರ ಊರಿಗೆ ಫೋನ್ ಮಾಡುವ ಮೊದಲು ಟೆಲ್‌ಟಾರಿಫ್ ಸೈಟ್ ತೆಗೆದು ಆ ಹೊತ್ತಿನ ದರ ನೋಡೋದು ನಮ್ಮ ಮನೆಯಲ್ಲಿ ಒಂದು ಪೂಜೆಯ ಹಾಗೆ ನಡೆಯುತ್ತಿತ್ತು. ಒಂದು ಸಲ ನನ್ನ ಹೆಂಡತಿ ಹಿಂದಿನ ವಾರದ ನಂಬರನ್ನೇ ಹಾಕಿ ತವರಿಗೆ ನಲವತ್ತು ನಿಮಿಷ ಮಾತಾಡಿದಳು. ಬಿಲ್ ಬಂದ ದಿನ ನಮ್ಮನೆಯಲ್ಲಿ ಮಾತೇ ಇಲ್ಲ. ಕಂಪನಿ ಯಾವುದು ಅಂತ ಬೇಡ ಬಿಡಿ.

ಇಂಥ ಗೋಳು ಜಾಸ್ತಿಯಾಗಿ, 2012ರ ಆಗಸ್ಟ್‌ನಿಂದ ಕಾಲ್ ಸೇರುವ ಮೊದಲೇ ನಿಮಿಷಕ್ಕೆ ಎಷ್ಟು ಅಂತ ಕಂಪನಿ ಹೇಳಲೇಬೇಕು ಅಂತ ಕಾನೂನು ಬಂತು. ಆ ಹೊತ್ತಿಗೆ ಅರ್ಧ ಜನ ಅದನ್ನು ಬಿಟ್ಟಾಗಿತ್ತು.

ಈಗ ನಿನ್ನ ಪ್ರಶ್ನೆಗೆ. ಈ ವ್ಯವಸ್ಥೆ 2024ರ ಡಿಸೆಂಬರ್ ಕೊನೆಗೆ ನಿಂತುಹೋಯಿತು. ಟೆಲಿಕಾಮ್ ಇದನ್ನು ಕೊಡಲೇಬೇಕು ಅನ್ನುವ ಕಡ್ಡಾಯ ಮೊದಲೇ ಹೋಗಿತ್ತು, ಆಮೇಲೆ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಕೆಲವು ವರ್ಷ ಎಳೆದರು. ಹಾಗಾಗಿ ಡೈರಿಯಲ್ಲಿರುವ ಯಾವ 010 ಹಾಕಿದರೂ ಈಗ ಪ್ರಯೋಜನ ಇಲ್ಲ. ನಿನಗೆ ಅರ್ಥ ಆಗದ ಆ ಹೆಂಗಸು ಅದನ್ನೇ ಹೇಳುತ್ತಿರಬೇಕು.

ಐದು ಅಂಕಿ ತೆಗೆದು 0091 ಹೊಡೆದರೆ ಕಾಲ್ ಹೋಗುತ್ತದೆ, ನಿಜ. ಆದರೆ ಅದು ಟೆಲಿಕಾಮ್‌ನ ಮಾಮೂಲಿ ವಿದೇಶಿ ದರ. ಜರ್ಮನಿಯೊಳಗೆ ಫ್ಲಾಟ್, ಅಂದರೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಎಷ್ಟು ಬೇಕಾದರೂ ಮಾತಾಡುವ ಪ್ಲಾನ್ ಇದೆ ಅಂದಮಾತ್ರಕ್ಕೆ ಇಂಡಿಯಾವೂ ಅದರೊಳಗೆ ಬಂತು ಅಂದುಕೊಳ್ಳಬೇಡಿ. ಯುರೋಪಿನೊಳಗೆ ನಿಮಿಷಕ್ಕೆ ತೆರಿಗೆ ಬಿಟ್ಟು 19 ಸೆಂಟ್ ಮಿತಿ ಅಂತ 2019ರಲ್ಲಿ ಬಂದ ನಿಯಮವೂ ಇಂಡಿಯಾಕ್ಕಿಲ್ಲ. ಮೊದಲು ನಿಮ್ಮ ಒಪ್ಪಂದದ ದರಪಟ್ಟಿ ನೋಡಿ, ಆಮೇಲೆ ದೊಡ್ಡಮ್ಮನ ಕೈಗೆ ಫೋನ್ ಕೊಡು.

ಬೂತ್ ಭಟ್ಟ:

ಅಯ್ಯೋ, ಅದು ನನಗೆ ಹೊಳೆಯಲೇ ಇಲ್ಲ. ನಾನು ಬೆಂಗಳೂರಿನಲ್ಲಿ ಕೂತವನು, ಸುಮ್ನೆ ಬಾಯಿ ಹಾಕಿದೆ. ತಪ್ಪಾಯ್ತು.

ನಮ್ಮಲ್ಲೂ ಹೀಗೆ ಗ್ರಾಹಕರೇ ಕಂಪನಿ ಆರಿಸಿಕೊಳ್ಳಲಿ ಅಂತ ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ 2002ರಲ್ಲಿ ಹೇಳಿತ್ತು, ಜಾರಿಗೆ ಮಾತ್ರ ಬರಲಿಲ್ಲ. ನಮಗೆ ಇದ್ದದ್ದು 95. ನೆನಪಿದೆಯಾ ಯಾರಿಗಾದರೂ? ಮೈಸೂರಿಗೆ 0821 ಬದಲು 95821. ಇನ್ನೂರು ಕಿಲೋಮೀಟರ್ ಒಳಗಿನ ಊರಿಗೆ ಸೊನ್ನೆ ತೆಗೆದು 95 ಹಾಕಿದರೆ ಸಾಕು, ಎಸ್‌ಟಿಡಿ ಲಾಕ್ ಮಾಡಿದ್ದ ಫೋನಿನಿಂದಲೂ ಹೋಗುತ್ತಿತ್ತು. ನಾನು ಆಗ ಬೂತ್ ಇಟ್ಟಿದ್ದೆ, ಹೆಸರು ನೋಡಿದರೇ ಗೊತ್ತಾಗುತ್ತಲ್ಲ. ರಾತ್ರಿ ಹನ್ನೊಂದರ ಮೇಲೆ ಕಾಲುಭಾಗ ದರ ಅಂತ ಇದ್ದ ಕಾಲದಲ್ಲಿ ಹತ್ತೂಮುಕ್ಕಾಲಿಗೇ ಹುಡುಗರು ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು, ಕಣ್ಣು ಗಡಿಯಾರದ ಮೇಲೆ. 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಅಂದಮೇಲೆ ನನ್ನ ವ್ಯಾಪಾರ ಮುಗಿಯಿತು. ಈಗ ಅದೇ ಜಾಗದಲ್ಲಿ ಝೆರಾಕ್ಸ್ ಅಂಗಡಿ.

ಜರ್ಸಿ ಹಸು:

ಹೆಸರು ನೋಡಿ ನಗಬೇಡಿ, ನ್ಯೂಜೆರ್ಸಿಯಲ್ಲಿ ಇರೋದಕ್ಕೆ ಇಟ್ಟುಕೊಂಡದ್ದು.

ಅಮೆರಿಕದಲ್ಲೂ ಇದು ಜೋರಾಗಿತ್ತು, 90ರ ದಶಕದ ಕೊನೆಯಲ್ಲಿ ಟಿವಿ ಹಾಕಿದರೆ ಇದರದ್ದೇ ಜಾಹೀರಾತು. 10-10-321, 10-10-220 ಅಂತ. 1984ರಲ್ಲಿ ಎಟಿ ಅಂಡ್ ಟಿ ಅನ್ನುವ ದೊಡ್ಡ ಫೋನ್ ಕಂಪನಿ ಒಡೆದು, ದೂರದ ಕಾಲ್‌ಗೆ ಯಾವ ಕಂಪನಿ ಬೇಕೋ ಆರಿಸಿಕೊಳ್ಳಿ ಅಂದದ್ದರಿಂದ ಹುಟ್ಟಿದ್ದು. ಮೊದಲು 10 ಆದಮೇಲೆ ಕಂಪನಿಯ ಮೂರು ಅಂಕಿ ಇತ್ತು, ಅದು ಸಾಲದೆ 1998ರ ಹೊತ್ತಿಗೆ 101 ಆದಮೇಲೆ ನಾಲ್ಕು ಅಂಕಿ ಮಾಡಿದರು. ಅಂದರೆ ಆ 10-10-220 ನಿಜವಾಗಿ 101 ಮತ್ತು 0220. ನಾಲಿಗೆಗೆ ಸುಲಭವಾಗಲಿ ಅಂತ 10-10 ಮಾಡಿಕೊಂಡರು.

220ರಲ್ಲಿ ಇಪ್ಪತ್ತು ನಿಮಿಷದವರೆಗೆ 99 ಸೆಂಟ್ ಅಂತ ಜಾಹೀರಾತು. ಭಾರೀ ಅಗ್ಗ ಅನಿಸುತ್ತೆ ಅಲ್ವಾ? ಅರ್ಧ ನಿಮಿಷ ಮಾತಾಡಿದರೂ ಅದೇ 99 ಸೆಂಟ್. ನಮ್ಮಕ್ಕ ಆಗ ಷಿಕಾಗೋದಲ್ಲಿ, ಯಾವಾಗ ಮಾಡಿದರೂ ಆನ್ಸರಿಂಗ್ ಮಷೀನ್ ಎತ್ತಿಕೊಳ್ಳುತ್ತಿತ್ತು. ನಾನು "ಅಕ್ಕಾ ನಾನು" ಅನ್ನುವಷ್ಟರಲ್ಲಿ ಒಂದು ಡಾಲರ್ ಹೋಯಿತು. ಒಂದೇ ಸಂಜೆ ಮೂರು ಸಲ ಹೀಗೆ ಮಾಡಿದ್ದೇನೆ. ಇಂಡಿಯಾಕ್ಕೆ ಮಾತ್ರ ನಾವೆಲ್ಲ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲಿಂಗ್ ಕಾರ್ಡೇ ಬಳಸುತ್ತಿದ್ದದ್ದು, ನಾಣ್ಯದಲ್ಲಿ ಗೀಚಿ ಪಿನ್ ತೆಗೆಯೋದು. ಅದರ ಮೋಸಗಳನ್ನು ಬರೆದರೆ ಇನ್ನೊಂದು ಚರ್ಚೆ ಶುರು ಮಾಡಬೇಕಾಗುತ್ತದೆ.

ತಂತಿ ತಮ್ಮಯ್ಯ:

ಹಳೇ ಕಥೆ ಚೆನ್ನಾಗಿದೆ, ಆದರೆ ಆ ಹುಡುಗಿಗೆ ಈಗ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ.

ಅಜ್ಜಿ ಹತ್ತಿರ ಲ್ಯಾಂಡ್‌ಲೈನ್ ಮಾತ್ರ ಇರೋದರಿಂದ ವಾಟ್ಸಾಪ್ ಆಗಲ್ಲ, ಅದು ಆ ಕಡೆಯೂ ವಾಟ್ಸಾಪ್ ಇದ್ದರೆ ಮಾತ್ರ. ಮೊದಲಾದರೆ ಎಲ್ಲರೂ ಸ್ಕೈಪ್‌ನಿಂದ ಲ್ಯಾಂಡ್‌ಲೈನ್‌ಗೆ ಮಾಡಿ ಅನ್ನುತ್ತಿದ್ದರು, ಅದೂ 2025ರ ಮೇ ತಿಂಗಳಲ್ಲಿ ಮುಚ್ಚಿತು. ವೈಬರ್ ಔಟ್, ರೆಬ್‌ಟೆಲ್ ಥರದ್ದು ಇವೆ, ಮೊಬೈಲ್‌ನಲ್ಲಿ ಹಾಕಿಕೊಂಡು ಮೊದಲೇ ದುಡ್ಡು ತುಂಬಿಸಿ ಲ್ಯಾಂಡ್‌ಲೈನ್‌ಗೆ ಮಾಡಬಹುದು. ಆದರೆ ನಿಮ್ಮ ದೊಡ್ಡಮ್ಮ ಹಾಲ್‌ನಲ್ಲಿರುವ ಫೋನ್ ಬಿಟ್ಟು ಕದಲಲ್ಲ ಅಂತ ಕಾಣುತ್ತೆ. ನಮ್ಮಮ್ಮನೂ ಹಾಗೇ.

ಅವರಿಗೆ ಎರಡು ದಾರಿ. ಒಂದು, ಕಾಲ್ ಥ್ರೂ. ಜರ್ಮನಿಯದೇ ಒಂದು ಮಾಮೂಲಿ ಲ್ಯಾಂಡ್‌ಲೈನ್ ನಂಬರ್ ಕೊಡುತ್ತಾರೆ, ಅದಕ್ಕೆ ಮೊದಲು ಕಾಲ್ ಮಾಡೋದು. ನಿಮ್ಮ ಫ್ಲಾಟ್‌ನಲ್ಲಿ ಅದು ಬಿಟ್ಟಿ. ಅದು ಎತ್ತಿಕೊಂಡ ಮೇಲೆ 0091ರಿಂದ ಅಜ್ಜಿ ನಂಬರ್ ಒತ್ತೋದು, ಅಲ್ಲಿಂದ ಮುಂದಿನ ದುಡ್ಡು ಆ ಕಂಪನಿಯ ಖಾತೆಯಿಂದ ಹೋಗುತ್ತದೆ. ಕೊಡುವ ನಂಬರ್ ಬೇರೆ ಯಾವುದಾದರೂ ದುಬಾರಿ ಸರಣಿಯದ್ದಾ ಅಂತ ಒಂದು ಸಲ ನೋಡಿಕೊಳ್ಳಿ. ಬಹಳಷ್ಟು ಫೋನ್‌ಗಳಲ್ಲಿ ಎರಡೂ ನಂಬರ್ ನಡುವೆ ವಿರಾಮ ಹಾಕಿ ಒಟ್ಟಿಗೆ ಸೇವ್ ಮಾಡಬಹುದು, ಆಗ ಮತ್ತೆ "ಅಮ್ಮ" ಒತ್ತಿದರೆ ಸಾಕು.

ಎರಡನೆಯದು ಮನೆಯ ಇಂಟರ್ನೆಟ್ ರೂಟರ್ ಫ್ರಿಟ್ಸ್‌ಬಾಕ್ಸ್ ಅನ್ನುವ ಬ್ರಾಂಡಿನದ್ದಾಗಿದ್ದರೆ ಮಾತ್ರ. ಅದರಲ್ಲಿ ಇಂಟರ್ನೆಟ್ ಮೂಲಕ ಫೋನ್ ಕೊಡುವ ಇನ್ನೊಂದು ಕಂಪನಿಯ ನಂಬರನ್ನೂ ಸೇರಿಸಿ, 0091ರಿಂದ ಶುರುವಾಗುವ ಕಾಲ್‌ಗಳೆಲ್ಲ ಅದರಲ್ಲೇ ಹೋಗಲಿ ಅಂತ ನಿಯಮ ಬರೆಯಬಹುದು. ದೊಡ್ಡಮ್ಮನಿಗೆ ಏನೂ ಗೊತ್ತಾಗಲ್ಲ, ಮಾಮೂಲಿಯಂತೆ ಡಯಲ್ ಮಾಡುತ್ತಾರೆ. ನಾನು ಮಾಡಿಟ್ಟಿರೋದು ಇದೇ. ಹಾಗೇ ಅಲ್ಲಿ ಹಳೆಯ 010 ನಿಯಮ ಏನಾದರೂ ಉಳಿದಿದೆಯಾ ನೋಡಿ. ನಿಮ್ಮ ದೊಡ್ಡಪ್ಪ ಡೈರಿ ಇಟ್ಟವರು, ಡಬ್ಬದೊಳಗೂ ಬರೆದಿಟ್ಟಿರಬಹುದು. ಇದ್ದರೆ ನೀವು ಕೈಯಾರೆ 0091 ಹೊಡೆದರೂ ಅದು ತಾನೇ ಮುಂದೆ 010 ಸೇರಿಸಿ ಕಾಲ್ ಕೆಡಿಸುತ್ತದೆ.

ಇನ್ನೊಂದು ಮಾತು. 2021ರ ಜನವರಿಯಿಂದ ಇಂಡಿಯಾದೊಳಗೆ ಲ್ಯಾಂಡ್‌ಲೈನ್‌ನಿಂದ ಮೊಬೈಲ್‌ಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು. ಅದನ್ನು ಕೇಳಿಕೊಂಡು ಕೆಲವರು ಇಲ್ಲಿಂದಲೂ 0091 ಆದಮೇಲೆ ಸೊನ್ನೆ ಹಾಕುತ್ತಾರೆ. ಬೇಡ. ಸಾಗರಕ್ಕೂ 08183 ಅಲ್ಲ, 8183 ಅಷ್ಟೇ.

ಜೋಗದ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮಯ್ಯನವರೇ, ನೀವು ಹೇಳಿದ್ದು ನಿಜ, ರೂಟರ್‌ನಲ್ಲಿ ಮೂರು 010 ನಿಯಮ ಇತ್ತು, ಬೆಳಗ್ಗೆಗೊಂದು, ಸಂಜೆಗೊಂದು, ಭಾನುವಾರಕ್ಕೊಂದು. ತೆಗೆಯುವ ಮೊದಲು ದೊಡ್ಡಮ್ಮನನ್ನು ಕರೆದು ತೋರಿಸಿದೆ. "ಇವರು ಇದನ್ನೂ ಮಾಡಿದ್ರಾ" ಅಂದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು, ಆಮೇಲೆ ತೆಗಿ ಅಂದರು. ಡೈರಿ ಮಾತ್ರ ಎಸೆಯೋ ಹಾಗಿಲ್ಲವಂತೆ.

ಈಗ ಸದ್ಯಕ್ಕೆ ಕಾಲ್ ಥ್ರೂ ಹಾಕಿಕೊಂಡಿದ್ದೇವೆ. ನಿನ್ನೆ ಇಲ್ಲಿ ಮಧ್ಯಾಹ್ನ ಮೂರಕ್ಕೆ ಮಾಡಿದೆವು, ಅಲ್ಲಿ ಆರೂವರೆ, ದೀಪ ಹಚ್ಚುವ ಹೊತ್ತು. ಎರಡು ಸಲ ರಿಂಗ್ ಆದರೂ ಅಜ್ಜಿ ಎತ್ತಲಿಲ್ಲ. ಫೋನಿನಲ್ಲಿ ಗುರುತಿಲ್ಲದ ನಂಬರ್ ಬರುತ್ತಿದೆಯಂತೆ, ಯಾರೋ ಓಟಿಪಿ ಕೇಳೋ ಕಳ್ಳರು ಅಂದುಕೊಂಡರಂತೆ. ಮೂರನೇ ಸಲ ಎತ್ತಿ "ಯಾರೂ ಬೇಡ, ಇಡಿ" ಅಂತ ಬೈದು ಇಟ್ಟೇಬಿಟ್ಟರು. ಕೊನೆಗೆ ಪಕ್ಕದ ಮನೆಯವರಿಗೆ ಹೇಳಿ ಕಳಿಸಿದ ಮೇಲೆ ಮಾತಾಡಿದರು. ದೊಡ್ಡಮ್ಮ ಹನ್ನೆರಡು ನಿಮಿಷಕ್ಕೆ ಗಡಿಯಾರ ನೋಡಿ ಮುಗಿಸೋಕೆ ಹೊರಟರು, ನಿಮಿಷದ ದರ ತೋರಿಸಿದ ಮೇಲೆ ಇನ್ನೊಂದು ಮುಕ್ಕಾಲು ಗಂಟೆ ಆಯಿತು.

ಈ ಕಾಲ್ ಥ್ರೂನಲ್ಲಿ ನಮ್ಮದೇ ನಂಬರ್ ಆ ಕಡೆ ಕಾಣುವ ಹಾಗೆ ಮಾಡಬಹುದಾ?

ತಂತಿ ತಮ್ಮಯ್ಯ:

ಕೆಲವು ಕಂಪನಿಗಳಲ್ಲಿ ಆಗುತ್ತೆ, ಖಾತೆಯ ಸೆಟ್ಟಿಂಗ್‌ನಲ್ಲಿ ನಿಮ್ಮ ನಂಬರ್ ನೋಂದಾಯಿಸಬೇಕು. ಆದರೂ ಇಂಡಿಯಾ ತಲುಪುವಷ್ಟರಲ್ಲಿ ಅದು ಬದಲಾಗಿ ಕಾಣೋದು ಉಂಟು. ಸುಲಭದ ದಾರಿ ಬೇಕಂದ್ರೆ ಎರಡು ರಿಂಗ್ ಕೊಟ್ಟು ಇಟ್ಟು ಮತ್ತೆ ಮಾಡಿ, ಹಾಗೆ ಬಂದರೆ ನಾವೇ ಅಂತ ಅಜ್ಜಿಗೆ ಹೇಳಿಬಿಡಿ. ಎತ್ತದಿದ್ದರೆ ದುಡ್ಡೂ ಹೋಗಲ್ಲ.