ಫೋಟೋ ಸಂಪಾದನೆ ತಂತ್ರಾಂಶದ ಬೀಟಾ ಆವೃತ್ತಿ: ಹಳೆಯ ಕ್ಯಾಟಲಾಗ್‌ಗೆ ಧಕ್ಕೆಯಾಗದಂತೆ ಪರೀಕ್ಷಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ರಾ ಕಡತಗಳಲ್ಲಿಯೇ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ದತ್ತಾಂಶ) ಚಿತ್ರ ತೆಗೆಯುತ್ತಿದ್ದು, ಅವೆಲ್ಲವನ್ನೂ ಒಂದೇ ತಂತ್ರಾಂಶದ ಒಂದೇ ಕ್ಯಾಟಲಾಗ್‌ನಲ್ಲಿ ಜೋಡಿಸಿಟ್ಟು ತಿದ್ದುತ್ತ ಬಂದಿದ್ದೇನೆ. ಚಿತ್ರಗಳ ಸ್ಟಾರ್ ರೇಟಿಂಗ್, ಕೀವರ್ಡ್‌ಗಳು, ಒಂದೊಂದು ಚಿತ್ರದ ಮೇಲೂ ಮಾಡಿದ ತಿದ್ದುಪಡಿಗಳ ಇತಿಹಾಸ ಎಲ್ಲವೂ ಅದರಲ್ಲೇ ಇವೆ. ಈಗ ಆ ತಂತ್ರಾಂಶದ ಮುಂದಿನ ಆವೃತ್ತಿಯ ಬೀಟಾ, ಅಂದರೆ ಅಂತಿಮ ಬಿಡುಗಡೆಗೆ ಮೊದಲಿನ ಪರೀಕ್ಷಾ ರೂಪ, ಹೊರಬಂದಿದೆ. ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳಾದ ಚುಕ್ಕೆಗಳು) ತಗ್ಗಿಸುವ ಹೊಸ ವಿಧಾನವೂ, ಆಕಾಶ ಮತ್ತು ವ್ಯಕ್ತಿಗಳನ್ನು ತಾನಾಗಿಯೇ ಗುರುತಿಸಿ ಮಾಸ್ಕ್ (ಆ ಭಾಗವನ್ನಷ್ಟೇ ತಿದ್ದಲು ಮಾಡುವ ಆಯ್ಕೆ) ರಚಿಸುವ ಸೌಲಭ್ಯವೂ ಅದರಲ್ಲಿವೆಯೆಂದು ಓದಿ, ಬಳಸಿ ನೋಡಬೇಕೆಂಬ ಆಸೆ ಬಲವಾಗಿದೆ. ಆದರೆ ಡೌನ್‌ಲೋಡ್ ಪುಟದಲ್ಲಿ, ಮುಖ್ಯ ಕೆಲಸಗಳಿಗೆ ಇದನ್ನು ಬಳಸಬಾರದು ಎಂಬ ಒಂದು ಸಾಲಿನ ಎಚ್ಚರಿಕೆಯ ಹೊರತು ಬೇರೆ ವಿವರಣೆಯಿಲ್ಲ.

ನನಗೆ ತಿಳಿಯಬೇಕಿರುವುದು ಇಷ್ಟು. ಸ್ಥಿರ ಆವೃತ್ತಿ ಮತ್ತು ಬೀಟಾ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದೇ? ಮೂಲ ಚಿತ್ರಗಳಿಗೆ ಅಪಾಯವಿದೆಯೇ? ಬೀಟಾದಲ್ಲಿ ಮಾಡಿದ ತಿದ್ದುಪಡಿಗಳು ಅಂತಿಮ ಆವೃತ್ತಿಯಲ್ಲಿ ಹಾಗೆಯೇ ಉಳಿಯುತ್ತವೆಯೇ? ಪ್ರೋಗ್ರಾಮಿಂಗ್ ಅರಿಯದ ನನ್ನಂಥ ಸಾಮಾನ್ಯ ಬಳಕೆದಾರರು ಕಳುಹಿಸುವ ದೋಷವರದಿಯಿಂದ ತಂತ್ರಾಂಶ ರೂಪಿಸುವವರಿಗೆ ನಿಜವಾಗಿ ಪ್ರಯೋಜನವಾಗುತ್ತದೆಯೇ?

ಉತ್ತರ 1

ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಬೀಟಾ ಎಂದೊಡನೆ ಎಲ್ಲರೂ ಮೂಲ ಚಿತ್ರ ಹಾಳಾದೀತೆಂದು ಅಂಜುತ್ತಾರೆ, ಆದರೆ ಹೆಚ್ಚಿನ ಅಪಾಯವಿರುವುದು ಬೇರೆ ಕಡೆ. ರಾ ಸಂಸ್ಕರಣೆಯ ತಂತ್ರಾಂಶಗಳು ಸಾಮಾನ್ಯವಾಗಿ ಮೂಲ ಕಡತವನ್ನು ಮುಟ್ಟುವುದಿಲ್ಲ. ನೀವು ಮಾಡುವ ಪ್ರತಿಯೊಂದು ತಿದ್ದುಪಡಿಯೂ ಒಂದು ಸೂಚನೆಯಾಗಿ ಕ್ಯಾಟಲಾಗ್‌ನಲ್ಲೋ, ಚಿತ್ರದ ಪಕ್ಕದಲ್ಲಿಯೇ ಕೂರುವ ಸೈಡ್‌ಕಾರ್ ಕಡತದಲ್ಲೋ ದಾಖಲಾಗುತ್ತದೆ. ಇದಕ್ಕೆ ಅಪವಾದಗಳಿವೆ: ಡಿಎನ್‌ಜಿ (ಅಡೋಬಿ ರೂಪಿಸಿದ ರಾ ಸ್ವರೂಪ) ಮತ್ತು ಜೆಪೆಗ್ ಕಡತಗಳಲ್ಲಿ ಮೆಟಾಡೇಟಾ (ಚಿತ್ರದ ಕುರಿತ ಮಾಹಿತಿ) ಕಡತದ ಒಳಗೇ ಬರೆಯಲ್ಪಡಬಹುದು, ಮತ್ತು ಅಡೋಬಿಯ ಫೋಟೋ ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರ ತೆಗೆದ ದಿನಾಂಕ, ಸಮಯಗಳ ಬದಲಾವಣೆಯನ್ನು ರಾ ಕಡತದೊಳಗೇ ಬರೆಯಲು ಅನುಮತಿಸುವ ಒಂದು ಆಯ್ಕೆಯಿದೆ. ಬೀಟಾ ತೆರೆಯುವ ಮುನ್ನ ಇಂತಹ ಆಯ್ಕೆಗಳನ್ನು ಹುಡುಕಿ ನಿಷ್ಕ್ರಿಯಗೊಳಿಸಿ.

ಆತಂಕಪಡಬೇಕಾದ್ದು ಕ್ಯಾಟಲಾಗ್‌ನ ಬಗ್ಗೆ. ಹೊಸ ಆವೃತ್ತಿಯನ್ನು ಮೊದಲ ಬಾರಿ ತೆರೆದಾಗ ಅದು ಹಳೆಯ ಡೇಟಾಬೇಸನ್ನು ತನಗೆ ಬೇಕಾದ ಹೊಸ ರಚನೆಗೆ ಪರಿವರ್ತಿಸಿಕೊಳ್ಳುತ್ತದೆ. ಒಮ್ಮೆ ಹೀಗೆ ಪರಿವರ್ತನೆಯಾದ ಡೇಟಾಬೇಸನ್ನು ಹಳೆಯ ಆವೃತ್ತಿಯಲ್ಲಿ ಮತ್ತೆ ತೆರೆಯಲಾಗದು. ಉಚಿತ, ಮುಕ್ತ ರಾ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಆಸುಪಾಸಿನಲ್ಲಿ, ಅದರ ಪ್ರಮುಖ ಆವೃತ್ತಿಗಳು ಬರುತ್ತವೆ. ನಡುವಣ ಅಭಿವೃದ್ಧಿ ಆವೃತ್ತಿಯನ್ನು ಪರೀಕ್ಷಿಸಬಯಸುವವರು ಕಾನ್ಫಿಗ್‌ಡಿರ್ ಎಂಬ ಆಯ್ಕೆಯ ಮೂಲಕ ಪ್ರತ್ಯೇಕ ಫೋಲ್ಡರನ್ನು ಸೂಚಿಸಿದರೆ, ಅವರ ನಿತ್ಯದ ಡೇಟಾಬೇಸ್ ಮತ್ತು ಸೆಟ್ಟಿಂಗ್‌ಗಳನ್ನು ಅದು ಮುಟ್ಟುವುದಿಲ್ಲ.

ಆದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಡೇಟಾಬೇಸ್ ಬೇರೆಯಾದರೂ ಚಿತ್ರಗಳ ಫೋಲ್ಡರ್ ಒಂದೇ ಆಗಿದ್ದರೆ ತಿದ್ದುಪಡಿಗಳನ್ನು ದಾಖಲಿಸುವ ಎಕ್ಸ್‌ಎಂಪಿ ಎಂಬ ಸೈಡ್‌ಕಾರ್ ಕಡತಗಳೂ ಒಂದೇ. ಹೊಸ ಆವೃತ್ತಿಯು ತನ್ನ ಹೊಸ ಮಾಡ್ಯೂಲ್‌ಗಳ (ತಿದ್ದುವ ಉಪಕರಣಗಳ) ವಿವರವನ್ನು ಅವುಗಳಲ್ಲಿ ಬರೆದುಬಿಟ್ಟರೆ ಹಳೆಯದಕ್ಕೆ ಅದು ಅರ್ಥವಾಗದು. ಆದ್ದರಿಂದ ಪರೀಕ್ಷೆಗೆ ಬೇಕಾದ ಕೆಲವು ಚಿತ್ರಗಳನ್ನು ಸೈಡ್‌ಕಾರ್ ಸಮೇತ ಬೇರೊಂದು ಫೋಲ್ಡರಿಗೆ ನಕಲು ಮಾಡಿಕೊಂಡು, ಬೀಟಾಗೆ ಆ ಫೋಲ್ಡರನ್ನು ಮಾತ್ರ ತೋರಿಸಿ. ನಿಮ್ಮ ತಂತ್ರಾಂಶದಲ್ಲಿ ಪ್ರತ್ಯೇಕ ಕಾನ್ಫಿಗರೇಶನ್‌ಗೆ ಅವಕಾಶವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಬೇರೆ ಬಳಕೆದಾರ ಖಾತೆಯೊಂದನ್ನು ತೆರೆದು ಅಲ್ಲಿಂದ ಪರೀಕ್ಷಿಸಬಹುದು. ಅದಕ್ಕೂ ಮೊದಲು ನಿಮ್ಮ ಕ್ಯಾಟಲಾಗ್‌ನ ಬ್ಯಾಕಪ್ಪನ್ನು ಹೊರಗಿನ ಡಿಸ್ಕ್‌ಗೆ ತೆಗೆದು, ಆ ಬ್ಯಾಕಪ್ ಸ್ಥಿರ ಆವೃತ್ತಿಯಲ್ಲಿ ತೆರೆಯುತ್ತದೆಯೇ ಎಂದು ತೆರೆದೇ ಖಚಿತಪಡಿಸಿಕೊಳ್ಳಿ.

ಮೊದಲ ಪ್ರಶ್ನೆಗೆ ಉತ್ತರ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ. ಫೋಟೋಶಾಪ್‌ನ ಬೀಟಾ ಪ್ರತ್ಯೇಕ ಅಪ್ಲಿಕೇಶನ್ನಾಗಿ ಸ್ಥಿರ ಆವೃತ್ತಿಯ ಪಕ್ಕದಲ್ಲೇ ಇರುತ್ತದೆ. ಅಫಿನಿಟಿ ಎಂಬ ಚಿತ್ರ ಸಂಪಾದನೆ ತಂತ್ರಾಂಶದ ಬೀಟಾಗಳೂ ಹೀಗೆ ಬೇರೆಯಾಗಿಯೇ ಬಂದಿವೆ, ಆದರೆ ಬೀಟಾದಲ್ಲಿ ಉಳಿಸಿದ ಕಡತ ಸ್ಥಿರ ಆವೃತ್ತಿಯಲ್ಲಿ ತೆರೆಯದಿರಬಹುದೆಂಬ ಎಚ್ಚರಿಕೆಯನ್ನು ಅವುಗಳ ಜೊತೆ ಕೊಡಲಾಗುತ್ತಿತ್ತು. ಉಳಿದ ಕೆಲವು ಬೀಟಾಗಳು ಸ್ಥಿರ ಆವೃತ್ತಿಯನ್ನೇ ಅಳಿಸಿ ಅದರ ಜಾಗದಲ್ಲಿ ಕೂರುತ್ತವೆ. ಬಿಡುಗಡೆ ಟಿಪ್ಪಣಿಯಲ್ಲಿ ಈ ಬಗ್ಗೆ ಏನನ್ನೂ ಹೇಳಿಲ್ಲವೆಂದರೆ ಅಳಿಸುತ್ತದೆಯೆಂದೇ ಭಾವಿಸಿ ಸಿದ್ಧರಾಗುವುದು ಮೇಲು.

ಉತ್ತರ 2

ಮೇಲಿನ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ಮೂರನೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ, ಮತ್ತು ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಸೂಕ್ಷ್ಮವಾದ್ದರಿಂದ, ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತಿದ್ದುಪಡಿಯ ಸೂಚನೆ ಕಳೆದುಹೋಗದಿದ್ದರೂ ಅದರ ಅರ್ಥ ಬದಲಾಗಬಹುದು. ಸ್ಲೈಡರ್‌ನ ಮೌಲ್ಯ ಅದೇ ಇದ್ದು, ಅದರ ಹಿಂದಿನ ಗಣಿತ ಬದಲಾದರೆ ಚಿತ್ರ ಬೇರೆಯಾಗಿ ಕಾಣುತ್ತದೆ. ಇದನ್ನು ನಿಭಾಯಿಸಲೆಂದೇ ಲೈಟ್‌ರೂಮ್‌ನಲ್ಲಿ ಪ್ರೋಸೆಸ್ ವರ್ಷನ್ ಎಂಬ ವ್ಯವಸ್ಥೆಯಿದೆ. 2012ರ ಜನವರಿಯಲ್ಲಿ ಲೈಟ್‌ರೂಮ್ 4ರ ಸಾರ್ವಜನಿಕ ಬೀಟಾ ಬಂದಾಗ ಹಳೆಯ ರಿಕವರಿ, ಫಿಲ್ ಲೈಟ್ ಸ್ಲೈಡರ್‌ಗಳ ಬದಲಿಗೆ ಹೈಲೈಟ್ಸ್, ಶ್ಯಾಡೋಸ್ ಮುಂತಾದವುಗಳು ಬಂದವು. ಹಳೆಯ ವಿಧಾನದಲ್ಲಿ ತಿದ್ದಿದ ಚಿತ್ರಗಳು, ನಾವಾಗಿಯೇ ಬದಲಿಸದ ಹೊರತು, ಹಳೆಯ ಗಣಿತದಲ್ಲೇ ಉಳಿಯುವ ಏರ್ಪಾಡಿತ್ತು. ಆದರೆ ಇಂತಹ ಹೊಣೆಗಾರಿಕೆ ಬಿಡುಗಡೆಯಾದ ಆವೃತ್ತಿಗಳಿಗೆ ಅನ್ವಯಿಸುವಂಥದ್ದು. ಬೀಟಾದ ನಡುವೆ ಒಂದು ಅಲ್ಗಾರಿದಮ್ ಬದಲಾದರೆ, ನಿನ್ನೆಯ ಬೀಟಾದಲ್ಲಿ ಚಿತ್ರ ಹೇಗೆ ಕಾಣುತ್ತಿತ್ತೆಂಬುದನ್ನು ಕಾಪಾಡುವ ಬಾಧ್ಯತೆ ಯಾರಿಗೂ ಇಲ್ಲ. ನೀವು ಹೇಳಿದ ನಾಯ್ಸ್ ತಗ್ಗಿಸುವಿಕೆ ಮತ್ತು ಸ್ವಯಂಚಾಲಿತ ಮಾಸ್ಕ್ ಎರಡೂ ಬಹುಮಟ್ಟಿಗೆ ತರಬೇತಿ ಪಡೆದ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಅವಲಂಬಿಸಿರುತ್ತವೆ. ಮಾದರಿಯನ್ನು ಬದಲಿಸಿದೊಡನೆ ಫಲಿತಾಂಶವೂ ಬದಲಾಗಬಹುದು.

ಹೊಸ ಆವೃತ್ತಿ ನಿಜವಾಗಿ ಏನನ್ನು ಬದಲಿಸಿದೆಯೆಂದು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಒಂದೇ ಚಿತ್ರವನ್ನು ಒಂದೇ ಸೆಟ್ಟಿಂಗ್‌ಗಳೊಂದಿಗೆ, ಒಂದೇ ಬಣ್ಣದ ಪ್ರೊಫೈಲ್‌ನಲ್ಲಿ, ಎರಡೂ ಆವೃತ್ತಿಗಳಿಂದ 16 ಬಿಟ್ ಟಿಫ್ ಆಗಿ ರಫ್ತು ಮಾಡಿ, ಒಂದರ ಮೇಲೊಂದು ಲೇಯರ್ ಆಗಿಟ್ಟು ಮೇಲಿನದಕ್ಕೆ ಡಿಫರೆನ್ಸ್ ಬ್ಲೆಂಡ್ ಮೋಡ್ ಕೊಡಿ. ಎರಡೂ ಒಂದೇ ಆಗಿದ್ದ ಕಡೆ ಪೂರ್ತಿ ಕಪ್ಪು ಕಾಣುತ್ತದೆ. ವ್ಯತ್ಯಾಸ ತೀರ ಸಣ್ಣದಾಗಿದ್ದರೆ ಲೆವೆಲ್ಸ್‌ನಿಂದ ಅದನ್ನು ಹಿಗ್ಗಿಸಿ ನೋಡಬಹುದು. ಪರೀಕ್ಷೆಗೆ ಸುಂದರವಾದ ಚಿತ್ರಗಳಿಗಿಂತ ಕಷ್ಟದ ಚಿತ್ರಗಳೇ ಬೇಕು: ಹೆಚ್ಚಿನ ಐಎಸ್‌ಒದಲ್ಲಿ ತೆಗೆದವು, ಬಿಳಿಚಿಹೋದ ಆಕಾಶವುಳ್ಳವು, ಬಿಡಿಕೂದಲು ಹಿನ್ನೆಲೆಯೊಂದಿಗೆ ಬೆರೆತಿರುವ ಮುಖಗಳು, ಗಾಢ ನೀಲಿ ಅಥವಾ ಕೆಂಪು ದೀಪದಡಿಯ ವೇದಿಕೆಗಳು.

ಹಣ ಪಡೆದು ಮಾಡುವ ಕೆಲಸವಾಗಿದ್ದರೆ ಪರವಾನಗಿಯ ಷರತ್ತನ್ನೂ ಓದಬೇಕು. 2023ರ ಮೇ ತಿಂಗಳಲ್ಲಿ ಫೋಟೋಶಾಪ್ ಬೀಟಾದಲ್ಲಿ ಜನರೇಟಿವ್ ಫಿಲ್ (ಕೃತಕ ಬುದ್ಧಿಮತ್ತೆಯಿಂದ ಚಿತ್ರದ ಭಾಗವನ್ನು ಹೊಸದಾಗಿ ತುಂಬುವ ಸೌಲಭ್ಯ) ಬಂದಾಗ ಅದನ್ನು ವಾಣಿಜ್ಯ ಕೆಲಸಗಳಿಗೆ ಬಳಸುವಂತಿರಲಿಲ್ಲ. ಆ ನಿರ್ಬಂಧ ತೆರವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಗ್ರಾಹಕರಿಗೆ ಚಿತ್ರ ಕೊಡುವವರು ಈ ಒಂದು ಷರತ್ತನ್ನು ತಿಳಿದಿರಲೇಬೇಕಾಗಿತ್ತು.

ಒಟ್ಟಿನಲ್ಲಿ ನನ್ನ ಸಲಹೆಯೆಂದರೆ, ರಿಲೀಸ್ ಕ್ಯಾಂಡಿಡೇಟ್, ಅಂದರೆ ಅಂತಿಮ ಬಿಡುಗಡೆಗೆ ಮೊದಲಿನ ಕೊನೆಯ ಪರೀಕ್ಷಾ ಆವೃತ್ತಿಯ ಹಂತದವರೆಗೆ ಕಾಯಿರಿ. ಅಲ್ಲಿಗೆ ಕಡತದ ಸ್ವರೂಪವೂ ಫಲಿತಾಂಶವೂ ಬಹುತೇಕ ನೆಲೆಗೊಂಡಿರುತ್ತವೆ.

ಉತ್ತರ 3

ಕೊನೆಯ ಸಲಹೆಯನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಚಿತ್ರಗಳನ್ನು ಕಾಪಾಡುವ ದೃಷ್ಟಿಯಿಂದ ಕಾಯುವುದು ಸರಿ. ಆದರೆ ನಿಮ್ಮ ಮಾತಿಗೆ ಬೆಲೆ ಸಿಗಬೇಕೆಂದಿದ್ದರೆ ಆ ಹಂತ ತಡವಾಯಿತು. ರಿಲೀಸ್ ಕ್ಯಾಂಡಿಡೇಟ್ ಬರುವ ವೇಳೆಗೆ ಸಾಮಾನ್ಯವಾಗಿ ಹೊಸ ಸೌಲಭ್ಯಗಳ ಸೇರ್ಪಡೆ ನಿಂತಿರುತ್ತದೆ, ಗಂಭೀರ ದೋಷಗಳನ್ನು ಮಾತ್ರ ಸರಿಪಡಿಸುತ್ತಾರೆ. ಉಚಿತ ಚಿತ್ರ ಸಂಪಾದಕವಾದ ಗಿಂಪ್ 3.0ರ ದಾರಿಯನ್ನು ನೋಡಿ: 2.99 ಸರಣಿಯ ಅಭಿವೃದ್ಧಿ ಆವೃತ್ತಿಗಳು 2020ರಿಂದಲೇ ಬರುತ್ತಿದ್ದವು, ಮೊದಲ ರಿಲೀಸ್ ಕ್ಯಾಂಡಿಡೇಟ್ ಬಂದದ್ದು 2024ರ ನವೆಂಬರಿನಲ್ಲಿ, ಅಂತಿಮ ಆವೃತ್ತಿ 2025ರ ಮಾರ್ಚಿನಲ್ಲಿ. ಮೆನುವಿನ ಜೋಡಣೆ ಅಥವಾ ಉಪಕರಣವೊಂದರ ವರ್ತನೆಯ ಬಗ್ಗೆ ಅಭಿಪ್ರಾಯವಿದ್ದವರಿಗೆ ಆ ದೀರ್ಘ ಅವಧಿಯೇ ಸೂಕ್ತ ಕಾಲವಾಗಿತ್ತು. ಹಳೆಯ ಪ್ಲಗಿನ್‌ಗಳನ್ನು ನೆಚ್ಚಿಕೊಂಡವರಿಗೂ ಅದು ಮುಖ್ಯವಾಗಿತ್ತು, ಏಕೆಂದರೆ 2.10ಕ್ಕೆ ಬರೆದ ಪೈಥಾನ್ ಪ್ಲಗಿನ್‌ಗಳು 3.0ರಲ್ಲಿ ಹಾಗೆಯೇ ನಡೆಯುವುದಿಲ್ಲ, ಅವುಗಳನ್ನು ಹೊಸದಾಗಿ ಹೊಂದಿಸಬೇಕು.

ಲೈಟ್‌ರೂಮ್ ಕೂಡ ಹೀಗೆಯೇ ಬೆಳೆದದ್ದು. 2006ರ ಜನವರಿಯಲ್ಲಿ ಮ್ಯಾಕ್ ಗಣಕಗಳಿಗೆ ಮಾತ್ರ ಸಾರ್ವಜನಿಕ ಬೀಟಾ ಆಗಿ ಹೊರಬಂದು, 2007ರ ಫೆಬ್ರವರಿಯಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಿಡುಗಡೆಯಾಗುವವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಛಾಯಾಗ್ರಾಹಕರು ಅದನ್ನು ಬಳಸುತ್ತಿದ್ದರು.

ಪ್ರೋಗ್ರಾಮಿಂಗ್ ತಿಳಿಯದವರ ವರದಿಗೆ ಬೆಲೆಯಿದೆಯೇ ಎಂಬ ನಿಮ್ಮ ಸಂದೇಹವನ್ನು ದಯವಿಟ್ಟು ಬಿಟ್ಟುಬಿಡಿ. ತಂತ್ರಾಂಶ ಬರೆಯುವವರ ಬಳಿ ನಿಮ್ಮ ಕ್ಯಾಮೆರಾ, ನಿಮ್ಮ ಗ್ರಾಫಿಕ್ಸ್ ಕಾರ್ಡ್, ನಿಮ್ಮ ಕೆಲಸದ ಕ್ರಮ ಇವು ಮೂರೂ ಒಟ್ಟಾಗಿ ಇರುವ ಸಾಧ್ಯತೆ ಕಡಿಮೆ. ಅವರಿಗೆ ಬೇಕಾದದ್ದು ದೋಷದ ಕಾರಣವಲ್ಲ, ದೋಷವನ್ನು ಮರುಕಳಿಸಿ ನೋಡುವ ದಾರಿ. ಬೀಟಾ ಸರಿಯಿಲ್ಲ, ನಿಂತುಹೋಗುತ್ತದೆ ಎಂಬ ವರದಿಯಿಂದ ಯಾರೂ ಏನನ್ನೂ ಮಾಡಲಾರರು. ಯಾವ ಬಿಲ್ಡ್ ಸಂಖ್ಯೆ (ನೀವು ಬಳಸಿದ ಬೀಟಾದ ನಿಖರ ಗುರುತಿನ ಸಂಖ್ಯೆ), ಯಾವ ಆಪರೇಟಿಂಗ್ ಸಿಸ್ಟಂ, ಗ್ರಾಫಿಕ್ಸ್ ಡ್ರೈವರ್‌ನ ಯಾವ ಆವೃತ್ತಿ, ಯಾವ ಬಗೆಯ ಕಡತ ತೆರೆದು ಯಾವ ಕ್ರಮದಲ್ಲಿ ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂದು ಬರೆಯಿರಿ. ಗ್ರಾಫಿಕ್ಸ್ ವೇಗವರ್ಧನೆಯನ್ನು ನಿಷ್ಕ್ರಿಯಗೊಳಿಸಿ ಅದೇ ಕ್ರಮವನ್ನು ಮತ್ತೆ ಪ್ರಯತ್ನಿಸಿದಾಗ ದೋಷ ಮಾಯವಾದರೆ ಅದನ್ನೂ ತಿಳಿಸಿ. ಹುಡುಕಾಟದ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ. ಎರಡು ದೋಷಗಳಿದ್ದರೆ ಎರಡು ವರದಿಗಳಿರಲಿ. ಅದೇ ದೋಷವನ್ನು ಬೇರೆಯವರು ಈಗಾಗಲೇ ದಾಖಲಿಸಿದ್ದರೆ ಹೊಸದನ್ನು ತೆರೆಯದೆ ನಿಮ್ಮ ವಿವರವನ್ನು ಅಲ್ಲಿಯೇ ಸೇರಿಸಿ.

ಮಾದರಿ ಚಿತ್ರ ಲಗತ್ತಿಸುವಾಗ ಒಂದು ಎಚ್ಚರಿಕೆ ಅಗತ್ಯ. ಅನೇಕ ದೋಷವರದಿ ತಾಣಗಳು ಸಾರ್ವಜನಿಕವಾದವು, ಮತ್ತು ರಾ ಕಡತದಲ್ಲಿ ಕ್ಯಾಮೆರಾದ ಕ್ರಮಸಂಖ್ಯೆ, ಚಿತ್ರ ತೆಗೆದ ಸ್ಥಳದ ಜಿಪಿಎಸ್ ವಿವರಗಳು ಇರಬಹುದು. ಬೇರೊಬ್ಬರ ಮುಖವಿರುವ ಚಿತ್ರ ಬೇಡ. ಗೋಡೆಯನ್ನೋ ಗಿಡವನ್ನೋ ಅದೇ ಕ್ಯಾಮೆರಾದಿಂದ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದು, ದೋಷ ಅದರಲ್ಲೂ ಕಾಣುತ್ತದೆಯೇ ಎಂದು ನೋಡಿ ಅದನ್ನೇ ಕಳುಹಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೈಡ್‌ಕಾರ್ ಕಡತಗಳನ್ನು ಎರಡೂ ಆವೃತ್ತಿಗಳು ಹಂಚಿಕೊಳ್ಳುತ್ತವೆಂಬುದು ನನಗೆ ಹೊಳೆದಿರಲಿಲ್ಲ. ಬೇರೆ ಬಳಕೆದಾರ ಖಾತೆ ತೆರೆದು, ನಕಲು ಮಾಡಿದ ಚಿತ್ರಗಳೊಂದಿಗೆ ಈಗಿನಿಂದಲೇ ಪರೀಕ್ಷೆ ಆರಂಭಿಸುತ್ತೇನೆ. ಇನ್ನೊಂದು ಸಂದೇಹವಿದೆ: ಬೀಟಾಗೆ ಅವಧಿ ಮುಗಿಯುವ ದಿನವೊಂದನ್ನು ನಿಗದಿಪಡಿಸಿದ್ದಾರೆ. ಅದರಲ್ಲಿ ತಿದ್ದಿದ ಒಂದೆರಡು ಚಿತ್ರಗಳು ಬಹಳ ಚೆನ್ನಾಗಿ ಬಂದು, ಅವುಗಳನ್ನು ಉಳಿಸಿಕೊಳ್ಳಬೇಕೆನಿಸಿದರೆ ಏನು ಮಾಡಬೇಕು?

ಉತ್ತರ 1

ಅವಧಿ ಮುಗಿಯುವ ಮೊದಲೇ ಅಂತಹ ಚಿತ್ರಗಳನ್ನು 16 ಬಿಟ್ ಟಿಫ್ ಆಗಿ, ವಿಶಾಲ ಬಣ್ಣವ್ಯಾಪ್ತಿಯ ಪ್ರೊಫೈಲ್ ಸೇರಿಸಿ, ಪೂರ್ಣ ಗಾತ್ರದಲ್ಲಿ ರಫ್ತು ಮಾಡಿಕೊಳ್ಳಿ. ಟಿಫ್‌ನಲ್ಲಿ ಫಲಿತಾಂಶವೇ ಪಿಕ್ಸೆಲ್‌ಗಳಾಗಿ ಉಳಿಯುವುದರಿಂದ ತಂತ್ರಾಂಶದ ಯಾವ ಬದಲಾವಣೆಯೂ ಅದನ್ನು ತಟ್ಟದು. ಸೆಟ್ಟಿಂಗ್‌ಗಳ ಫಲಕದ ಸ್ಕ್ರೀನ್‌ಶಾಟ್ ತೆಗೆದು, ಬಿಲ್ಡ್ ಸಂಖ್ಯೆಯೊಂದಿಗೆ ಅದೇ ಫೋಲ್ಡರಿನಲ್ಲಿ ಇಡಿ. ಅಂತಿಮ ಆವೃತ್ತಿ ಬಂದಾಗ ಮೂಲ ರಾ ಕಡತದಿಂದ ಹೊಸದಾಗಿ ತಿದ್ದಲು ಅದು ನೆರವಾಗುತ್ತದೆ, ಮತ್ತು ಎರಡರ ನಡುವೆ ವ್ಯತ್ಯಾಸ ಕಂಡರೆ ಕಳುಹಿಸಬೇಕಾದ ಮುಂದಿನ ವರದಿಗೆ ಆಧಾರವೂ ನಿಮ್ಮ ಕೈಯಲ್ಲಿರುತ್ತದೆ.