ಗರಸು ದಾರಿಯಲ್ಲಿ ಕಿರುಗುಟ್ಟುವ ಚೈನು: ಯಾವ ಎಣ್ಣೆ ಹಾಕಬೇಕು?

ನವಲೂರಿನವ

ಎಲ್ಲರಿಗೂ ನಮಸ್ಕಾರ. ನನ್ನದು 29 ಇಂಚಿನ ಚಕ್ರದ ಮೌಂಟನ್ ಬೈಕ್. ಮುಂದೆ ಒಂದೇ ಹಲ್ಲುಚಕ್ರ, 32 ಹಲ್ಲು. ಹಿಂದೆ 10 ಗೇರು, 11ರಿಂದ 46 ಹಲ್ಲಿನವರೆಗೆ. ಒಬ್ಬರು ಓಡಿಸಿ ಬಿಟ್ಟದ್ದನ್ನು ಕೊಂಡಿದ್ದೇನೆ. ಚೈನು ಎಷ್ಟು ಹಳೆಯದು ಎಂದು ಅವರಿಗೂ ನೆನಪಿಲ್ಲ. ವಾರದ ದಿನಗಳಲ್ಲಿ ನವಲೂರಿನಿಂದ ಕೃಷಿ ವಿಶ್ವವಿದ್ಯಾಲಯದವರೆಗೆ ಡಾಂಬರು ರಸ್ತೆ, ಭಾನುವಾರ ನುಗ್ಗಿಕೇರಿ ದಾಟಿ ಕಲಘಟಗಿ ಕಡೆಯ ಗರಸು (ಸಣ್ಣ ಕಲ್ಲು ಬೆರೆತ ಮಣ್ಣಿನ) ದಾರಿ.

ತೊಂದರೆ ಎರಡು. ಪೆಡಲ್ ತುಳಿದಾಗಲೆಲ್ಲ ಚೈನು ಕಿರುಗುಟ್ಟುತ್ತದೆ. ಏರಿನಲ್ಲಿ ಒತ್ತಿ ತುಳಿದರೆ ಒಮ್ಮೊಮ್ಮೆ ಕಟಕ್ಕೆಂದು ಹಾರುತ್ತದೆ, ಕಾಲು ಜಾರಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುವುದೊಂದು ಬಾಕಿ. ಸ್ಕೂಟರಿಗೆ ತಂದಿದ್ದ 20ಡಬ್ಲ್ಯೂ-40 ಎಂಜಿನ್ ಆಯಿಲ್ ಹಾಕುತ್ತಿದ್ದೇನೆ. ಹಾಕಿದ ದಿನ ಸದ್ದಿಲ್ಲ. ಆಮೇಲೆ ಚೈನಿನ ತುಂಬ ಕಪ್ಪು ಮಸಿ, ಪ್ಯಾಂಟಿನ ಮೇಲೂ ಅದೇ. ಮೊನ್ನೆ ಅಡ್ಡಮಳೆಗೆ ಸಿಕ್ಕಿ ಕೆಸರಾಗಿತ್ತು, ವಾಟರ್ ಸರ್ವಿಸ್ ಮಾಡಿಸಿದೆ. ಅಲ್ಲಿಂದೀಚೆಗೆ ಎರಡೂ ಹೆಚ್ಚಾಗಿವೆ. ಯಾವ ಲ್ಯೂಬ್ ತರಲಿ?

ದುರ್ಗದಬೈಲ್

ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಡಬ್ಲ್ಯೂಡಿ-40 ಡಬ್ಬಿ ತಂದು ಹೊಡೆಯಿರಿ, ಸದ್ದು ಅಲ್ಲಿಗೇ ನಿಲ್ಲುತ್ತದೆ. ಅದು ಸಿಗದಿದ್ದರೆ ಮನೆಯ ಕುಸುಬಿ ಎಣ್ಣೆ ನಾಲ್ಕು ಹನಿ ಬಿಡಿ. ನಮ್ಮ ಅಜ್ಜ ಅಟ್ಲಾಸ್ ಸೈಕಲ್ಲಿಗೆ ಅದನ್ನೇ ಹಾಕುತ್ತಿದ್ದರು.

ಸಾಧನಕೇರಿ ದಂಡೆ

ದುರ್ಗದಬೈಲ್ ಅಣ್ಣಾ, ಅಟ್ಲಾಸ್ ಎಂದು ಸರಿಯಾಗಿಯೇ ನೆನಪಿಸಿದಿರಿ. ಡಬ್ಲ್ಯೂಡಿ-40 ಮೊದಮೊದಲು ಕೆಲಸಕ್ಕೆ ಬಂದದ್ದೂ ಅಟ್ಲಾಸ್ ಮೇಲೆಯೇ. ಸೈಕಲ್ ಅಲ್ಲ, ಅಮೆರಿಕದ ಅಟ್ಲಾಸ್ ಕ್ಷಿಪಣಿ. 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದಬ್ಬಿ ತುಕ್ಕು ತಡೆಯಲೆಂದು ಮಾಡಿದ ದ್ರವ ಅದು. ಅದರಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುವ ದ್ರಾವಕ. ಚೈನಿನ ಒಳಗೆ ಉಳಿದಿರುವ ಒಳ್ಳೆಯ ಗ್ರೀಸನ್ನೂ ಕರಗಿಸಿ ಹೊರಗೆ ತರುತ್ತದೆ. ಎರಡು ದಿನ ಸದ್ದು ನಿಲ್ಲುತ್ತದೆ, ಮೂರನೆಯ ದಿನ ಮೊದಲಿಗಿಂತ ಜೋರಾಗುತ್ತದೆ. ಒದ್ದೆ ಚೈನಿನ ನೀರು ತೆಗೆಯುವುದಕ್ಕೆ, ಜಿಡ್ಡು ಸಡಿಲಿಸುವುದಕ್ಕೆ ಬಳಸಿ, ಬೇಡವೆನ್ನುವುದಿಲ್ಲ. ಅದಾದ ಮೇಲೆ ನಿಜವಾದ ಕೀಲೆಣ್ಣೆ ಹಾಕಲೇಬೇಕು.

ಕುಸುಬಿ ಎಣ್ಣೆ ರೊಟ್ಟಿ, ಚಟ್ನಿಪುಡಿಗೆ ಇರಲಿ. ಗಾಳಿ ತಾಗಿದರೆ ಒಣಗಿ ಅಂಟಾಗುವ ಜಾತಿಯ ಎಣ್ಣೆ ಅದು, ಬಣ್ಣ, ವಾರ್ನಿಷ್ ತಯಾರಿಕೆಯಲ್ಲಿ ಅದನ್ನು ಬಳಸುವುದೇ ಆ ಗುಣಕ್ಕಾಗಿ. ಅಜ್ಜನವರ ಸೈಕಲ್ಲಿಗೆ ಒಂದೇ ಗೇರು, ದಪ್ಪ ಚೈನು, ಮೇಲೆ ತಗಡಿನ ಕವಚ. ಅದು ಏನನ್ನಾದರೂ ಸಹಿಸುತ್ತಿತ್ತು. 10 ಗೇರಿನ ಚೈನಿನ ಅಗಲ ಸುಮಾರು 6 ಮಿಲಿಮೀಟರ್. ಅದರ ಒಳಗಿನ ಸಂದುಗಳಲ್ಲಿ ಅಂಟು ಕೂತರೆ ಬಿಡಿಸುವುದು ಕಷ್ಟ.

ನವಲೂರಿನವರೇ, ಎಂಜಿನ್ ಆಯಿಲ್ ಕೆಟ್ಟದ್ದಲ್ಲ, ನೀವು ಓಡಾಡುವ ದಾರಿಗೆ ಹೊಂದುವುದಿಲ್ಲ. ಮಂದವಾದ ಎಣ್ಣೆ ಚೈನಿನ ಹೊರಮೈಯಲ್ಲಿ ಉಳಿದು ಗರಸಿನ ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಆ ಧೂಳಿನಲ್ಲಿ ಬೆಣಚುಕಲ್ಲಿನ ನುಣ್ಣನೆಯ ಕಣಗಳಿರುತ್ತವೆ, ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಎಣ್ಣೆ ಮತ್ತು ಬೆಣಚು ಸೇರಿ ಸಾಣೆ ಹಿಡಿಯುವ ಹಿಟ್ಟಾಗುತ್ತದೆ. ನಿಮ್ಮ ಪ್ಯಾಂಟಿಗೆ ಹತ್ತಿದ ಕಪ್ಪಿನಲ್ಲಿ ಎಣ್ಣೆ, ಧೂಳು, ಚೈನಿನಿಂದ ಸವೆದ ಲೋಹ ಮೂರೂ ಇವೆ.

ಎಣ್ಣೆಯ ಪ್ರಶ್ನೆಗೆ ಆಮೇಲೆ ಬರೋಣ. ಹಾರುವುದಕ್ಕೆ ಎಣ್ಣೆ ಕಾರಣವಲ್ಲ ಎಂದು ನನ್ನ ಅನುಮಾನ. ಮೊದಲು ಚೈನು ಅಳೆಯಿರಿ. ಉಕ್ಕಿನ ಅಡಿಪಟ್ಟಿ ಸಾಕು. ಪೆಡಲಿನ ಮೇಲೆ ಸ್ವಲ್ಪ ಒತ್ತಡ ಕೊಟ್ಟು ಚೈನು ಬಿಗಿಯಾಗಿಸಿ, ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿಯಿರಿ. ಒಂದು ಪಿನ್ನಿಂದ ಇನ್ನೊಂದಕ್ಕೆ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ಹೊಸ ಚೈನಿನಲ್ಲಿ 24 ಕೊಂಡಿ ದಾಟಿದರೆ ಪಿನ್ನಿನ ನಡು 12 ಇಂಚಿನ ಗೆರೆಯ ಮೇಲೆಯೇ ಕೂರುತ್ತದೆ. ನಿಮ್ಮದು ಎಷ್ಟು ಮುಂದೆ ಹೋಗಿದೆ ಎಂದು ತಿಳಿಸಿ.

ಉಣಕಲ್ ಅಕ್ಕ

ಅಳೆಯುವುದರ ಜೊತೆಗೆ ಕಿವಿಗೂ ಕೆಲಸ ಕೊಡಿ. ಕಟಕ್ ಎನ್ನುವುದು ಯಾವ ಲಯದಲ್ಲಿ ಬರುತ್ತದೆ? ಪೆಡಲ್ ಒಂದು ಸುತ್ತು ಬಂದಾಗಲೆಲ್ಲ ಬಂದರೆ ದೋಷ ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಥವಾ ಅದರ ನಡುವಿನ ಬೇರಿಂಗಿನದು. ಎಷ್ಟು ಎಣ್ಣೆ ಸುರಿದರೂ ಹೋಗುವುದಿಲ್ಲ. ಪೆಡಲ್ ನಿಲ್ಲಿಸಿ ಇಳಿಜಾರಿನಲ್ಲಿ ಹಾಗೇ ಹೋಗುವಾಗಲೂ ಸದ್ದಿದ್ದರೆ ಚೈನನ್ನು ಬಿಟ್ಟು ಚಕ್ರ, ಬ್ರೇಕ್ ನೋಡಿ. ಮೂರೂವರೆ ಸುತ್ತಿಗೊಮ್ಮೆ ಬಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದುಕೊಂಡಿದೆ ಎಂದೇ ಅರ್ಥ: 114 ಕೊಂಡಿಯ ಚೈನು 32 ಹಲ್ಲಿನ ಚಕ್ರದ ಮೇಲೆ ಒಮ್ಮೆ ಪೂರ್ತಿ ಸುತ್ತಿ ಬರಲು ಅಷ್ಟು ಸುತ್ತು ಬೇಕು. ಪೆಡಲನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಡಿರೇಲರಿನ (ಹಿಂದೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕೆಳಗಿನ ಚಿಕ್ಕ ಚಕ್ರವನ್ನೇ ನೋಡುತ್ತಿರಿ. ಬಿಗಿದ ಕೊಂಡಿ ಅಲ್ಲಿ ಬಾಗಲಾರದೆ ಜಿಗಿಯುತ್ತದೆ, ಡಿರೇಲರೂ ಒಮ್ಮೆ ಮಿಡಿಯುತ್ತದೆ.

ವಾಟರ್ ಸರ್ವಿಸ್ ಬಗ್ಗೆ ಒಂದು ಮಾತು. ಸ್ಕೂಟರಿಗೆ ಹೊಡೆಯುವ ಆ ಪೈಪಿನ ರಭಸಕ್ಕೆ ಸೈಕಲ್ಲಿನ ಬೇರಿಂಗಿನ ರಬ್ಬರ್ ತಡೆಯುವುದಿಲ್ಲ, ನೀರು ಒಳಗೆ ಹೋಗಿ ಗ್ರೀಸ್ ಹೊರಗೆ ಬರುತ್ತದೆ. ಬಕೆಟ್, ಸ್ಪಂಜು, ಗಿಡಕ್ಕೆ ನೀರು ಹಾಕುವ ಪೈಪು, ಇಷ್ಟೇ ಸಾಕು.

ನವಲೂರಿನವ

ಅಳೆದೆ. 12 ಇಂಚಿನ ಗೆರೆಗಿಂತ ಎರಡೂವರೆ ಮಿಲಿಮೀಟರ್ ಮುಂದಿದೆ. ಅಕ್ಕ ಹೇಳಿದಂತೆ ಹಿಂದಕ್ಕೆ ತಿರುಗಿಸಿ ನೋಡಿದರೆ ಒಂದು ಕೊಂಡಿ ನಿಜವಾಗಿಯೂ ಜಿಗಿಯುತ್ತಿದೆ, ಅದರ ಸುತ್ತ ಕೆಂಪು ತುಕ್ಕು.

ಸಾಧನಕೇರಿ ದಂಡೆ

12 ಇಂಚಿಗೆ ಎರಡೂವರೆ ಮಿಲಿಮೀಟರ್ ಎಂದರೆ ಶೇಕಡಾ 0.8. 10 ಗೇರಿನವರೆಗಿನ ಚೈನನ್ನು ಶೇ 0.75ಕ್ಕೆ, 11 ಮತ್ತು 12 ಗೇರಿನದನ್ನು ಶೇ 0.5ಕ್ಕೆ ಬದಲಿಸಬೇಕು. ನಿಮ್ಮದು ಮುಗಿದಿದೆ. ‘ಚೈನು ಹಿಗ್ಗಿದೆ’ ಎನ್ನುವುದು ವಾಡಿಕೆ, ಆದರೆ ಕೊಂಡಿಯ ಪಟ್ಟಿಗಳು ಹಿಗ್ಗಿರುವುದಿಲ್ಲ. ಪಿನ್ನು ಮತ್ತು ಅದು ಕೂರುವ ಜಾಗ ಒಂದಿಷ್ಟೊಂದಿಷ್ಟು ಸವೆದು, ಎಲ್ಲವೂ ಕೂಡಿ ಉದ್ದವಾಗುತ್ತದೆ. ಎಣ್ಣೆ ಬೇಕಾಗಿರುವುದೂ ಆ ಪಿನ್ನಿಗೇ, ಹೊಳೆಯುವ ಹೊರಮೈಗಲ್ಲ.

ಬಿಗಿದ ಕೊಂಡಿಗೆ ಒಂದು ಹನಿ ಬಿಟ್ಟು ಎಡಕ್ಕೆ ಬಲಕ್ಕೆ ಕೈಯಿಂದ ಮೆಲ್ಲಗೆ ಬಗ್ಗಿಸಿದರೆ ಸಡಿಲಾಗುತ್ತದೆ. ಹೇಗೂ ಬದಲಿಸುವ ಚೈನಿಗೆ ಅಷ್ಟು ಆರೈಕೆ ಬೇಡ. 10 ಗೇರಿನದೇ ಚೈನು ಕೇಳಿ ತನ್ನಿ. 8 ಗೇರಿನದು ಅಗಲ ಹೆಚ್ಚು, ಪಕ್ಕದ ಹಲ್ಲುಚಕ್ರಕ್ಕೆ ಉಜ್ಜುತ್ತದೆ.

ಈಗ ಲ್ಯೂಬ್. ಡಬ್ಬಿಯ ಮೇಲಿನ ಹೆಸರಿಗಿಂತ ಚಕ್ರದ ಕೆಳಗಿನ ಮಣ್ಣು ನೋಡಿ ಆರಿಸಿ. ನಮ್ಮ ಜಿಲ್ಲೆಯ ಒಳಗೇ ಎರಡು ಮಣ್ಣಿದೆ. ಧಾರವಾಡದಿಂದ ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರದ ಕಡೆ ಮಸಾರಿ (ಕೆಂಪು ಮಣ್ಣು) ಮತ್ತು ಗರಸು. ಪೂರ್ವಕ್ಕೆ, ಅಣ್ಣಿಗೇರಿ, ನವಲಗುಂದದ ಕಡೆ ಎರೆ, ಅಂದರೆ ಕಪ್ಪು ಮಣ್ಣು. ಗರಸಿನ ಧೂಳು ಬೇಸಿಗೆಯಲ್ಲಿ ಎಲ್ಲದರ ಮೇಲೂ ಕೂರುತ್ತದೆ. ಅಲ್ಲಿಗೆ ‘ಡ್ರೈ’ ಎಂದು ಬರೆದಿರುವುದು. ಹಾಕುವಾಗ ಅದೂ ನೀರಾಗಿಯೇ ಇರುತ್ತದೆ. ಒಯ್ಯುವ ದ್ರಾವಕ ಒಳಗೆ ಇಳಿದು ಆರಿ, ಮೇಣದಂಥ ತೆಳುವಾದ ಪದರ ಉಳಿಯುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಹಾಕಿ. ಬೆಳಿಗ್ಗೆ ಹೊರಡುವಾಗ ಹಾಕಿದರೆ ಆರುವ ಮೊದಲೇ ಧೂಳು ಹಿಡಿಯುತ್ತದೆ, ಹಾಕಿಯೂ ಪ್ರಯೋಜನವಿಲ್ಲ. ಇದರ ದೋಷ ಒಂದೇ, ಬೇಗ ಮುಗಿಯುತ್ತದೆ. ಒಂದು ಜೋರು ಮಳೆಗೆ ತೊಳೆದೇ ಹೋಗುತ್ತದೆ.

ಮೃಗಶಿರಾ ಮಳೆ ಹಿಡಿದ ಮೇಲೆ ಹುಬ್ಬೆ ಮುಗಿಯುವವರೆಗೆ ಪಶ್ಚಿಮದ ದಾರಿಗೆ ‘ವೆಟ್’ ಎನ್ನುವ ಮಂದ ಎಣ್ಣೆಯೇ ಸರಿ. ನೀರಿಗೆ ಜಗ್ಗುವುದಿಲ್ಲ. ಆದರೆ ಪ್ರತಿ ಸಲ ಹೋಗಿ ಬಂದ ಮೇಲೆ ಚಿಂದಿಯಿಂದ ಹೊರಮೈ ಒರೆಸಬೇಕು, ಒರೆಸುವ ಅಭ್ಯಾಸವಿಲ್ಲದವರಿಗೆ ಅದು ಬೇಡ. ಎರೆ ಹೊಲದ ದಾರಿಗೆ ಮಳೆಗಾಲದಲ್ಲಿ ಯಾವ ಲ್ಯೂಬೂ ಇಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬಿ ಟೈರಿಗೆ ಸುತ್ತಿಕೊಂಡು, ಫೋರ್ಕಿನ ಸಂದಿಗೆ ತುಂಬಿ, ಚಕ್ರವೇ ತಿರುಗದಂತೆ ಮಾಡುತ್ತದೆ. ಬಲವಂತವಾಗಿ ತುಳಿದರೆ ಡಿರೇಲರ್ ಮುರಿದು ಕೈಗೆ ಬರುತ್ತದೆ. ಇಳಿದು, ಕಡ್ಡಿಯಿಂದ ಕೆರೆದು, ಹೆಗಲ ಮೇಲೆ ಹೊತ್ತು ರಸ್ತೆಗೆ ಬರಬೇಕು.

ಹಾಕುವ ರೀತಿ: ಚೈನಿನ ಕೆಳಗಿನ ಸಾಲಿನ ಒಳಮೈಗೆ, ಪ್ರತಿ ರೋಲರಿಗೆ ಒಂದೊಂದೇ ಹನಿ. ಶುರು ಮಾಡಿದ ಕೊಂಡಿಗೆ ಗುರುತಿರಲಿ, ಕ್ವಿಕ್ ಲಿಂಕ್ (ಚೈನನ್ನು ಬಿಚ್ಚಿ ಕೂಡಿಸುವ ಕೊಂಡಿ) ಇದ್ದರೆ ಅದೇ ಗುರುತು. ಪೆಡಲ್ ಹಿಂದಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗೆ ಉಳಿದದ್ದನ್ನೆಲ್ಲ ಒರೆಸಿಬಿಡಿ. ಸ್ಪ್ರೇ ಬೇಡ. ಡಿಸ್ಕಿನ ಮೇಲೆ ತುಸು ಹಾರಿದರೂ ಬ್ರೇಕ್ ಪ್ಯಾಡ್ ಎಣ್ಣೆ ಹೀರಿ, ಹಿಡಿಯದೆ ಬರೀ ಕಿರುಚುತ್ತದೆ.

ಬಿಂಕದಕಟ್ಟಿ

ಗದಗಿನಿಂದ ಬರೆಯುತ್ತಿದ್ದೇನೆ. ಸಾಧನಕೇರಿಯವರು ಮೇಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮ ಕಡೆ ಮಳೆ ಕಡಿಮೆ, ಗಾಳಿ, ಧೂಳು ಹೆಚ್ಚು, ಕಪ್ಪತಗುಡ್ಡದ ಸುತ್ತಿನ ದಾರಿಯ ಕೆಂಪು ಹುಡಿ ಕಣ್ಣುರೆಪ್ಪೆಯನ್ನೂ ಬಿಡುವುದಿಲ್ಲ. (ಗುಡ್ಡ 2019ರಿಂದ ವನ್ಯಧಾಮ. ಒಳಗೆ ಹೋಗುವವರು ಅರಣ್ಯ ಇಲಾಖೆಯನ್ನು ಕೇಳಿಕೊಂಡೇ ಹೋಗಿ.) ಕರಗಿಸಿದ ಪ್ಯಾರಫಿನ್ ಮೇಣದಲ್ಲಿ ಚೈನನ್ನು ಅದ್ದಿ ತೆಗೆಯುತ್ತೇನೆ. ಮೇಣ ಒಳಗೆ ಹೋಗಿ ಗಟ್ಟಿಯಾಗುತ್ತದೆ, ಹೊರಮೈ ಒಣಗಿರುತ್ತದೆ, ಧೂಳು ಬಂದರೂ ಉದುರಿ ಹೋಗುತ್ತದೆ. ಬೆರಳಿನಿಂದ ಮುಟ್ಟಿದರೆ ಮಸಿ ಹತ್ತುವುದಿಲ್ಲ.

ಮೇಣವನ್ನು ನೇರವಾಗಿ ಒಲೆಯ ಮೇಲೆ ಇಡಬೇಡಿ, ಹತ್ತಿಕೊಂಡರೆ ಅಪಾಯ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಡಬ್ಬಿ ಇಡಿ. ಚೈನಿನಿಂದ ಗುಳ್ಳೆ ಏಳುವುದು ನಿಲ್ಲುವವರೆಗೆ ಅಲ್ಲಾಡಿಸಿ, ತೆಗೆದು ತೂಗುಹಾಕಿ. ಆರಿದ ಮೇಲೆ ಕಡ್ಡಿಯಂತಾಗುತ್ತದೆ, ಕೊಂಡಿ ಕೊಂಡಿಯಾಗಿ ಬಗ್ಗಿಸಿ ಸಡಿಲಿಸಬೇಕು. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು, ಹೋದರೆ ಏನಾಗುತ್ತದೆಂದು ಮದುವೆಯಾದವರಿಗೆ ಹೇಳಬೇಕಿಲ್ಲ.

ಸಾಧನಕೇರಿ ದಂಡೆ

ಗದಗಿಗೆ ಒಪ್ಪಿದೆ. ಧಾರವಾಡದ ಜುಲೈಗೆ ಒಪ್ಪುವುದಿಲ್ಲ. ಮೇಣ ಹಾಕಿದ ಚೈನು ಒಂದು ದಿನ ಒದ್ದೆಯಾಗಿ ಕೂತರೆ ಮರುದಿನ ತುಕ್ಕು. ಪ್ರತಿ ಮಳೆಗೂ ಚೈನು ಬಿಚ್ಚಿ ಅದ್ದುವ ತಾಳ್ಮೆ ಎಷ್ಟು ಜನರಿಗಿದೆ? ಬಿಚ್ಚಿ ಹಾಕುವಾಗ ಕ್ವಿಕ್ ಲಿಂಕನ್ನೂ ನೋಡಬೇಕು, ಒಮ್ಮೆ ಮಾತ್ರ ಬಳಸಿ ಎಂದು ತಯಾರಕರೇ ಹೇಳುವ ಲಿಂಕುಗಳಿವೆ.

ಬಿಂಕದಕಟ್ಟಿ

ಮಳೆಗಾಲಕ್ಕೆ ಹಳೆಯ ಚೈನೊಂದನ್ನು ಬೇರೆ ಇಟ್ಟುಕೊಳ್ಳುತ್ತೇನೆ, ಅದಕ್ಕೆ ನೀವು ಹೇಳುವ ವೆಟ್ ಎಣ್ಣೆಯೇ.

ನವಲೂರಿನವ

ಹೊಸ ಚೈನು ಹಾಕಿದೆ. ಕಿರುಗುಟ್ಟುವುದು ಪೂರ್ತಿ ನಿಂತಿದೆ, ಏರಿನಲ್ಲಿಯೂ ಹಾರುತ್ತಿಲ್ಲ. ಆದರೆ ಹೊಸದೊಂದು ಶುರುವಾಗಿದೆ. ಸಮತಟ್ಟು ರಸ್ತೆಯಲ್ಲಿ ಚಿಕ್ಕ ಕಡೆಯಿಂದ ಮೂರನೆಯ ಮತ್ತು ನಾಲ್ಕನೆಯ ಹಲ್ಲುಚಕ್ರಕ್ಕೆ ಹಾಕಿ ಜೋರಾಗಿ ತುಳಿದರೆ ಜಾರುತ್ತದೆ. ಉಳಿದ ಎಂಟರಲ್ಲಿ ಏನೂ ಇಲ್ಲ. ಕೇಬಲ್ ಬಿಗಿ ಮಾಡಿ, ಸಡಿಲ ಮಾಡಿ ನೋಡಿದೆ, ವ್ಯತ್ಯಾಸವಿಲ್ಲ. ಅಂಗಡಿಯವರು ಚೈನು ನಕಲಿ ಇರಬೇಕು ಎನ್ನುತ್ತಾರೆ.

ಉಣಕಲ್ ಅಕ್ಕ

ಚೈನು ಅಸಲಿಯೇ ಇದ್ದೀತು. ಮೂರನೆಯದು 15 ಹಲ್ಲು, ನಾಲ್ಕನೆಯದು 18. ಡಾಂಬರು ರಸ್ತೆಯಲ್ಲಿ ದಿನವೂ ಓಡುವ ಗೇರುಗಳು ಅವೇ, ಹಿಂದಿನವರೂ ಅವುಗಳಲ್ಲೇ ಓಡಿಸಿರಬೇಕು. ಸವೆದ ಚೈನು ಆ ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸಿಕೊಂಡಿದೆ. ಹಳೆಯ ಚೈನು ಹಳೆಯ ಹಲ್ಲಿಗೆ ಹೊಂದಿಕೊಂಡಿತ್ತು. ಹೊಸ ಚೈನಿನ ಅರ್ಧ ಇಂಚು ಸರಿಯಾದ ಅರ್ಧ ಇಂಚು, ಅದು ಆ ಹಲ್ಲಿನ ತಳಕ್ಕೆ ಕೂರುವುದಿಲ್ಲ. ಪಕ್ಕದ 13 ಮತ್ತು 21 ಹಲ್ಲಿನವುಗಳ ಜೊತೆ ಹೋಲಿಸಿ ನೋಡಿ, 15ರ ಹಲ್ಲುಗಳ ಒಂದು ಬದಿ ಕೊಕ್ಕೆಯಂತೆ ಬಾಗಿರುತ್ತದೆ. ಕೇಬಲ್ಲಿನಿಂದಲೂ ಲ್ಯೂಬಿನಿಂದಲೂ ಇದು ಸರಿಹೋಗುವುದಿಲ್ಲ. ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಕಟ್ಟು, ಬದಲಿಸಬೇಕು.

ನವಲೂರಿನವ

ನೋಡಿದೆ ಅಕ್ಕಾ, ಬಾಗಿವೆ. ಕ್ಯಾಸೆಟ್ ಹೇಳಿದ್ದೇನೆ. ಇನ್ನೆರಡು ಪ್ರಶ್ನೆ. ಹೊಸ ಚೈನಿಗೆ ಕಾರ್ಖಾನೆಯಿಂದಲೇ ಬಂದ ಅಂಟಂಟಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಗೆಯಬೇಕೆ? ತೊಳೆದ ಸೀಮೆಎಣ್ಣೆಯನ್ನು ಏನು ಮಾಡುವುದು?

ಸಾಧನಕೇರಿ ದಂಡೆ

ತೆಗೆಯಬೇಡಿ. ಒಳಗೆ ಹೋಗಿರುವ ಆ ಗ್ರೀಸ್ ನಾವು ಹೊರಗಿನಿಂದ ಬಿಡುವ ಯಾವ ಹನಿಗಿಂತಲೂ ಒಳ್ಳೆಯದು. ಚಿಂದಿಗೆ ತುಸು ಸೀಮೆಎಣ್ಣೆ ಅದ್ದಿ ಹೊರಮೈ ಮಾತ್ರ ಒರೆಸಿ, ಸದ್ದು ಶುರುವಾದ ಮೇಲೆ ಡ್ರೈ ಲ್ಯೂಬ್ ಹಾಕಿದರೆ ಸಾಕು. ಮುಂದೆ ಪೂರ್ತಿ ತೊಳೆಯುವ ದಿನ ಸೀಮೆಎಣ್ಣೆ ಇಲ್ಲವೇ ಬಣ್ಣದಂಗಡಿಯ ಟರ್ಪಂಟೈನ್ ಬಳಸಿ. ಪೆಟ್ರೋಲ್ ಮುಟ್ಟಬೇಡಿ, ಅದರ ಆವಿಗೆ ಒಂದು ಕಿಡಿ ಸಾಕು. ಕೊಳೆಯಾದದ್ದನ್ನು ಗಟಾರಕ್ಕೆ ಚೆಲ್ಲದೆ ಬಾಟಲಿಯಲ್ಲಿ ಮುಚ್ಚಿಡಿ, ಕೆಲವು ದಿನದಲ್ಲಿ ಮಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಬಹುದು.

ಬಿಂಕದಕಟ್ಟಿ

ಮೇಣ ಹಾಕುವುದಿದ್ದರೆ ಮಾತ್ರ ಆ ಗ್ರೀಸ್ ಒಂದು ಚೂರೂ ಉಳಿಯದಂತೆ ತೆಗೆಯಬೇಕು, ಇಲ್ಲದಿದ್ದರೆ ಮೇಣ ಹಿಡಿಯುವುದಿಲ್ಲ. ಸಾಧನಕೇರಿಯವರು ಇದನ್ನು ಬೇಕೆಂದೇ ಬಿಟ್ಟಿದ್ದಾರೆ.