1966ರ ಎಂಜಿಬಿ ರೋಡ್‌ಸ್ಟರ್: ಸ್ಪೀಡೋಮೀಟರ್ ಕಡಿಮೆ, ಟ್ಯಾಕೊ ಮುಳ್ಳು ಏಳಲ್ಲ, ಬಲ ಹಿಂಚಕ್ರದ ಸ್ಪಿನ್ನರ್ ಸಡಿಲ

ಹಸಿರು_ರೋಡ್‌ಸ್ಟರ್ (ರೆಡಿಂಗ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಗಾಡಿ 1966ರ ಎಂಜಿಬಿ (ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು), ಕಡ್ಡಿಗಳಿರುವ ವೈರ್ ವೀಲ್. ಹಿಂದಿನ ಮಾಲೀಕರು ಪೂರ್ತಿ ರಿಸ್ಟೋರ್ ಮಾಡಿಸಿದ್ದು, ನೋಡಲು ಹೊಸದರಂತಿದೆ. ತೊಂದರೆಗಳು ಇವು:

ಜಿಪಿಎಸ್ 60 ಮೈಲಿ ಅಂದಾಗ ಸ್ಪೀಡೋಮೀಟರ್ 49 ತೋರಿಸುತ್ತೆ. ಎಂಜಿನ್ ಸುತ್ತು ತೋರಿಸುವ ಟ್ಯಾಕೊಮೀಟರ್ ಮುಳ್ಳು ಅಲ್ಲಾಡೋದೇ ಇಲ್ಲ. ಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಕರಕರ ಅಂತ ಹಲ್ಲು ತಿಂದ ಸದ್ದು. ಬಲಗಡೆ ಹಿಂಚಕ್ರದ ಸ್ಪಿನ್ನರನ್ನು (ಚಕ್ರವನ್ನು ನಡುವೆ ಹಿಡಿದಿಡುವ ಕಿವಿಗಳಿರುವ ದೊಡ್ಡ ನಟ್ಟು) ಮತ್ತೆ ಮತ್ತೆ ಹೊಡೆದು ಬಿಗಿ ಮಾಡಬೇಕು.

ಬಾನೆಟ್ ಒಳಗಿನ ಫಲಕದಲ್ಲಿ ಜಿಎಚ್‌ಎನ್3 ಅಂತ ಶುರು. ಎಂಜಿನ್ ಫಲಕದಲ್ಲಿ 18ಜಿಡಿ. ಬ್ಯಾಟರಿಯ ನೆಗೆಟಿವ್ ವೈರು ಗಾಡಿಯ ಲೋಹದ ಮೈಗೆ ಸೇರಿದೆ, ಆದರೆ ಚಾರ್ಜ್ ಮಾಡಲು ಹಳೇ ಕಾಲದ ಡೈನಮೊ ಇದೆ. ಎಲ್ಲಿಂದ ಶುರು ಮಾಡಲಿ?

ಸ್ಪ್ಯಾನರ್_ಭಟ್ರು

ಮೊದಲು ಗಾಡಿ ನಿಲ್ಲಿಸಿ ಮಾರಾಯ್ರೆ. ಸ್ಪಿನ್ನರ್ ವಿಷಯ ಮುಗಿಯುವವರೆಗೆ ರಸ್ತೆಗೆ ಬೇಡ. ಉಳಿದದ್ದು ಕಿರಿಕಿರಿ ಅಷ್ಟೆ, ಇದು ಚಕ್ರ ಕಳಚುವ ವಿಷಯ.

ನಿಮ್ಮ ಫಲಕಗಳೇ ಅರ್ಧ ಕಥೆ ಹೇಳಿವೆ. ಜಿಎಚ್‌ಎನ್3ರಲ್ಲಿ ಜಿ ಅಂದರೆ ಎಂಜಿ, ಎಚ್ ಅಂದರೆ ಎಂಜಿನ್ ಗಾತ್ರದ ವರ್ಗ, ಎನ್ ಅಂದರೆ ಎರಡು ಸೀಟಿನ ಟೂರರ್, 3 ಅಂದರೆ ಮೊದಲ ಸರಣಿ. 1966ರ ಗಾಡಿಗೆ ಅಬಿಂಗ್ಡನ್ ಕಾರ್ಖಾನೆ ಹಾಕುತ್ತಿದ್ದದ್ದು 18ಜಿಬಿ ಎಂಜಿನ್. 18ಜಿಡಿ ಬಂದದ್ದು 1967ರ ಕೊನೆಯಲ್ಲಿ, ಎಂಜಿಬಿಯ ಎರಡನೇ ಆವೃತ್ತಿ ಮಾರ್ಕ್ 2 ಜೊತೆ. ಎರಡೂ 1798 ಸಿಸಿ, ಎರಡೂ ಐದು ಮೇನ್ ಬೇರಿಂಗ್, ಹಾಗಾಗಿ ಹೊರಗಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮಾರ್ಕ್ 2ರಲ್ಲಿ ಒಂದೇ ಸಲಕ್ಕೆ ಬದಲಾದದ್ದು ಬಹಳ: ನಾಲ್ಕೂ ಗೇರಿಗೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳಿಸುವ ಭಾಗ) ಇರುವ ಗೇರ್‌ಬಾಕ್ಸ್, ಅದಕ್ಕಾಗಿ ಅಗಲ ಮಾಡಿದ ಟನೆಲ್ (ಗೇರ್‌ಬಾಕ್ಸ್ ಮೇಲಿನ ನೆಲದ ಉಬ್ಬು), ಡೈನಮೊ ಬದಲು ಆಲ್ಟರ್ನೇಟರ್, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ಗಾಡಿಯ ಮೈಗೆ), ಸೊಲೆನಾಯ್ಡ್ (ಕರೆಂಟಿನ ಸ್ವಿಚ್ಚು) ಮೈಮೇಲೇ ಕೂತ ಪ್ರೀ-ಎಂಗೇಜ್ಡ್ ಸ್ಟಾರ್ಟರ್, ಅಂದರೆ ಮೊದಲು ಹಲ್ಲಿಗೆ ಹಲ್ಲು ಕೂಡಿಸಿ ಆಮೇಲೆ ತಿರುಗುವಂಥದ್ದು. ರೋಡ್‌ಸ್ಟರಿನ ಹಿಂದಿನ ಆಕ್ಸಲ್ ಕೂಡ 1967ರಲ್ಲೇ ಬದಲಾಯಿತು. ನಿಮ್ಮಲ್ಲಿ ಎರಡು ಗಾಡಿಯ ಸಾಮಾನು ಸೇರಿದೆ. ಸಮಸ್ಯೆ ನಾಲ್ಕಲ್ಲ, ಒಂದೇ.

ಈಗ ಸ್ಪಿನ್ನರ್. ಗಾಡಿಯ ಕೆಳಗೆ ಹೊಕ್ಕು ಹಿಂದಿನ ಆಕ್ಸಲ್ ನೋಡಿ. ನಡುಭಾಗದ ಹಿಂಬದಿಯಲ್ಲಿ ಬೋಲ್ಟ್ ಹಾಕಿದ ಮುಚ್ಚಳ ಇದ್ದರೆ ಅದು ಸಾಲಿಸ್‌ಬರಿ, ಅಂದರೆ ಟ್ಯೂಬ್ ಆಕ್ಸಲ್. ಹಿಂಬದಿ ನುಣ್ಣಗೆ ಉಬ್ಬಿದ್ದು, ಡಿಫರೆನ್ಷಿಯಲ್ ಮುಂದಿನಿಂದ ಬೋಲ್ಟ್ ಆಗಿದ್ದರೆ ಬ್ಯಾಂಜೊ. 1966ರ ರೋಡ್‌ಸ್ಟರಿಗೆ ಬ್ಯಾಂಜೊ ಇರಬೇಕು. ಬ್ಯಾಂಜೊ ಕಾಲದ ಹಬ್ಬಿನ (ಚಕ್ರ ಕೂರುವ ನಡುಭಾಗ, ಇಂಗ್ಲಿಷಿನ ಹಬ್) ಥ್ರೆಡ್ ಇಂಚಿಗೆ 12, ಸಾಲಿಸ್‌ಬರಿಯದು ಇಂಚಿಗೆ 8.

ನಾಲ್ಕೂ ಚಕ್ರ ಇಳಿಸಿ. ಜ್ಯಾಕ್ ಮೇಲೆ ಬಿಡಬೇಡಿ, ಆಕ್ಸಲ್ ಸ್ಟ್ಯಾಂಡ್ ಕೊಡಿ. ಹಬ್ಬಿನ ಥ್ರೆಡ್ ಮೇಲೆ ಸ್ಕೇಲ್ ಇಟ್ಟು 25.4 ಮಿ.ಮೀ.ನಲ್ಲಿ ಎಷ್ಟು ಏಣು ಇವೆ ಎಣಿಸಿ. ಥ್ರೆಡ್ ಗೇಜ್ ಇದ್ದರೆ 2.1 ಮಿ.ಮೀ. ಪಿಚ್ ಅಂದರೆ 12, 3.2 ಹತ್ತಿರ ಅಂದರೆ 8. ಸ್ಪಿನ್ನರುಗಳ ಒಳಗೂ ಹಾಗೇ ನೋಡಿ. ಆಮೇಲೆ ಚಕ್ರ ಇಲ್ಲದೆ ಬರೀ ಸ್ಪಿನ್ನರನ್ನು ಕೈಯಲ್ಲಿ ಹಬ್ಬಿಗೆ ತಿರುಗಿಸಿ. ಸರಿಯಾದ ಜೋಡಿ ಬೆರಳಲ್ಲೇ ಕೊನೆವರೆಗೆ ಓಡುತ್ತದೆ. ತಪ್ಪು ಜೋಡಿ ಒಂದೆರಡು ಸುತ್ತಿಗೇ ಸಿಕ್ಕಿಕೊಳ್ಳುತ್ತದೆ, ಹೊಡೆಯುವವನಿಗೆ ಅದೇ ಬಿಗಿ ಅನ್ನಿಸುತ್ತದೆ.

ಎಡ-ಬಲವನ್ನೂ ನೋಡಿ. ಬಲಗಡೆ ಹಬ್ಬಿಗೆ ಎಡಗೈ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು), ಎಡಗಡೆಗೆ ಸಾಮಾನ್ಯ ಥ್ರೆಡ್. ಯಾವ ಬದಿಯಲ್ಲೇ ಆಗಲಿ, ಮೇಲಿನ ಕಿವಿಯನ್ನು ಗಾಡಿಯ ಮೂತಿಯ ಕಡೆ ಹೊಡೆದರೆ ಸ್ಪಿನ್ನರ್ ಬಿಚ್ಚಬೇಕು. ಹಿಂದಕ್ಕೆ ಹೊಡೆದಾಗ ಬಿಚ್ಚಿದರೆ ಹಬ್ಬುಗಳೇ ಅದಲುಬದಲು, ಓಡಿದಷ್ಟೂ ಸಡಿಲವಾಗುತ್ತದೆ.

ಲೂಕಸ್_ವೈರು

ಭಟ್ರು ಹೇಳಿದ್ದು ಸರಿ. ನಾನು ಟ್ಯಾಕೊ ಕಡೆ ಬರ್ತೀನಿ.

ಡಯಲ್ ಮೇಲೆ ಆರ್‌ವಿಐ ಅಂತ ಸಣ್ಣಕ್ಷರ ಇದೆಯಾ? ಇದ್ದರೆ ಅದು ಕರೆಂಟ್ ನೋಡಿ ಎಣಿಸುವ ಸ್ಮಿತ್ಸ್ ಕಂಪನಿಯ ಮೀಟರ್. ಇಗ್ನಿಷನ್ ಸ್ವಿಚ್ಚಿಂದ ಕಾಯಿಲಿಗೆ (ಸ್ಪಾರ್ಕಿನ ವೋಲ್ಟೇಜ್ ಏರಿಸೋ ಭಾಗ) ಹೋಗುವ ಬಿಳಿ ವೈರು ಮೀಟರಿನ ಹಿಂದೆ ಸುತ್ತಿ ಬರುತ್ತೆ. ಕೆಳಗೆ ‘ಪಾಸಿಟಿವ್ ಅರ್ತ್’ ಅಂತಲೂ ಬರೆದಿದ್ದರೆ ಉತ್ತರ ಸಿಕ್ಕ ಹಾಗೆ: ಯಾರೋ ಗಾಡಿಯನ್ನ ನೆಗೆಟಿವ್ ಅರ್ತ್ ಮಾಡಿ ಮೀಟರನ್ನ ಹಾಗೇ ಬಿಟ್ಟಿದ್ದಾರೆ.

ಈಗಲೇ ಮೀಟರಿನ ಹಸಿರು ವೈರು ಕಳಚಿ, ತುದಿಗೆ ಟೇಪ್ ಸುತ್ತಿ. ಬಿಳಿ ವೈರು ಕಳಚಿದರೆ ಕಾಯಿಲಿಗೆ ಸಪ್ಲೈ ಇಲ್ಲ, ಎಂಜಿನ್ ಸ್ಟಾರ್ಟ್ ಆಗಲ್ಲ. ಮೀಟರ್ ಹೊರಗೆ ತೆಗೆಯೋದಾದರೆ ಎರಡು ತುದಿಯನ್ನೂ ಸೇರಿಸಬೇಕು.

ರಿಪೇರಿಗೆ ಎರಡು ಕೆಲಸ. ಒಳಗೆ ಸಪ್ಲೈ ಮತ್ತು ಅರ್ತ್ ದಿಕ್ಕು ಬದಲಿಸಬೇಕು, ಹೊರಗೆ ಬಿಳಿ ಸುತ್ತು ಉಲ್ಟಾ ಹಾಯಿಸಬೇಕು, ಯಾಕಂದರೆ ಈಗ ಕರೆಂಟ್ ಹರಿಯೋ ದಿಕ್ಕೇ ಬೇರೆ. ಒಂದು ಮಾಡಿ ಇನ್ನೊಂದು ಬಿಟ್ಟರೆ ಮುಳ್ಳು ಏಳಲ್ಲ. ಬೆಸುಗೆ ಕೆಲಸ ರೂಢಿ ಇಲ್ಲದಿದ್ದರೆ ಮೀಟರ್ ರಿಪೇರಿಯವರಿಗೆ ಕೊಡಿ.

ಹಾಗೇ ಇನ್ನೆರಡು. ಡಿಸ್ಟ್ರಿಬ್ಯೂಟರಿಗೆ (ಸಿಲಿಂಡರುಗಳಿಗೆ ಸ್ಪಾರ್ಕ್ ಹಂಚೋ ಭಾಗ) ಹೋಗೋ ವೈರು ಈಗ ಕಾಯಿಲಿನ ಮೈನಸ್ಸಲ್ಲಿ ಇರಬೇಕು. ಹಳೇ ಕಾಯಿಲಲ್ಲಿ ಪ್ಲಸ್ ಮೈನಸ್ ಬದಲು ಎಸ್‌ಡಬ್ಲ್ಯು, ಸಿಬಿ (ಸ್ವಿಚ್, ಕಾಂಟ್ಯಾಕ್ಟ್ ಬ್ರೇಕರ್) ಅಂತ ಇರುತ್ತೆ. ಅದು ಪಾಸಿಟಿವ್ ಅರ್ತ್ ಕಾಲದ್ದು, ವೈರು ಅದಲುಬದಲು ಮಾಡಿ. ಡೈನಮೊ ಚಾರ್ಜ್ ಮಾಡ್ತಿದೆ ಅಂದರೆ ಪೋಲರೈಸ್ ಆಗಿದೆ, ಅಂದರೆ ಹೊಸ ಅರ್ತ್ ದಿಕ್ಕಿಗೆ ಹೊಂದಿಕೊಂಡಿದೆ. ಮಾಡದಿದ್ದರೆ ಡೈನಮೊದ ಡಿ, ಎಫ್ ಎರಡೂ ವೈರು ಕಳಚಿ, ಬ್ಯಾಟರಿ ಪಾಸಿಟಿವಿಂದ ಒಂದು ವೈರು ತಂದು ಎಫ್ ಟರ್ಮಿನಲ್ಲಿಗೆ ಒಂದೆರಡು ಸೆಕೆಂಡ್ ತಾಗಿಸಿ. ಆಲ್ಟರ್ನೇಟರ್ ಇರೋ ಗಾಡಿಯಲ್ಲಿ ಇದನ್ನ ಮಾಡೋಕೆ ಹೋಗಬೇಡಿ, ಡಯೋಡ್ ಸುಡುತ್ತೆ.

ಅಂಬಿ_ಹುಬ್ಬಳ್ಳಿ

ನಡುವ ಒಂದ್ ಮಾತು ರೀ. ಇದೂ ಬಿ-ಸೀರೀಸ್ ಎಂಜಿನ್, ನಮ್ಮ ಅಂಬಾಸಿಡರ್‌ದೂ ಬಿ-ಸೀರೀಸ್. ಹೆಡ್ ಗ್ಯಾಸ್ಕೆಟ್ ಇಲ್ಲಿಂದ ಕಳಿಸಿದ್ರ ನಡೀತದೇನ್ರಿ? ಇಲ್ಲೆ ಅಗ್ಗ ಸಿಗ್ತಾವ.

ಸ್ಪ್ಯಾನರ್_ಭಟ್ರು

ಬೇಡ. ಮನೆತನ ಒಂದೇ, ಅಳತೆ ಬೇರೆ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಎರಡರಲ್ಲೂ 88.9 ಮಿ.ಮೀ., ಆದರೆ ಅಂಬಾಸಿಡರಿನ 1489 ಸಿಸಿ ಎಂಜಿನಿನ ಬೋರ್ (ಸಿಲಿಂಡರಿನ ಅಗಲ) 73.025, ಎಂಜಿಬಿಯದು 80.26. ಗ್ಯಾಸ್ಕೆಟ್ಟಿನ ಅಂಚು ಸಿಲಿಂಡರ್ ಒಳಗೆ ಇಣುಕಿ ಸುಟ್ಟುಹೋಗುತ್ತದೆ.

ಹಸಿರು_ರೋಡ್‌ಸ್ಟರ್

ನೋಡಿದೆ. ಹಿಂದಿನ ಆಕ್ಸಲ್‌ಗೆ ಬೋಲ್ಟ್ ಮುಚ್ಚಳ ಇದೆ. ಹಿಂದಿನ ಎರಡೂ ಹಬ್ 8, ಮುಂದಿನ ಎರಡೂ 12. ಬಲಗಡೆ ಹಿಂದೆ ಇದ್ದ ಸ್ಪಿನ್ನರ್ 12! ಎಡಗಡೆ ಎರಡೂ ಸರಿಯಾಗಿ ಓಡುತ್ತವೆ. ಬಿಚ್ಚುವ ದಿಕ್ಕು ಎಲ್ಲಾ ಕಡೆ ಸರಿ. ಟ್ಯಾಕೊ ಡಯಲ್ ಲೂಕಸ್ ಸರ್ ಹೇಳಿದ ಹಾಗೇ, ಪಾಸಿಟಿವ್ ಅರ್ತ್. ಸ್ಟಾರ್ಟರ್ ಸೊಲೆನಾಯ್ಡ್ ಬೇರೆಯಾಗಿ ಒಳ ವಿಂಗ್ (ಮಡ್‌ಗಾರ್ಡ್) ಮೇಲೆ ಇದೆ. ಗೇರ್‌ಬಾಕ್ಸ್ ಫಸ್ಟ್‌ಗೆ ಸಿಂಕ್ರೊ ಇಲ್ಲ. ಸ್ಪೀಡೋಮೀಟರ್ ಡಯಲ್ ಕೆಳಗೆ 1280 ಅಂತ ಇದೆ, ಅದೇನು?

ಸ್ಪ್ಯಾನರ್_ಭಟ್ರು

ಬಲ ಹಿಂದೆ 12 ಇದ್ದರೆ, ಅಲ್ಲಿರಬೇಕಿದ್ದ 8 ಬಲ ಮುಂದೆ ಕೂತಿರುತ್ತದೆ. ಎರಡೂ ಎಡಗೈ ಥ್ರೆಡ್ ಆದ್ದರಿಂದ ಅದಲುಬದಲಾಗುವುದು ಅವೇ. ಜಾಗ ಬದಲಿಸಿದರೆ ಮುಗಿಯಲಿಲ್ಲ. ಹೊಡೆದು ಕೂರಿಸಿದ್ದರಿಂದ ಹಬ್ಬಿನ ಮೊದಲ ಕೆಲವು ಏಣು ಚಪ್ಪಟೆಯಾಗಿರುತ್ತವೆ. ಎರಡೂ ಸ್ಪಿನ್ನರ್ ಎಸೆದು ಹೊಸದು ತನ್ನಿ. ಹೊಸ ಸ್ಪಿನ್ನರ್ ಬೆರಳಲ್ಲಿ ಓಡದಿದ್ದರೆ ಆ ಹಬ್ಬೂ ಬದಲಿಸಿ, ಫೈಲ್ ಹಾಕಿ ಸರಿಮಾಡಲು ಹೋಗಬೇಡಿ. ಹಬ್ಬಿನ ಹೊರಗಿನ ಸ್ಪ್ಲೈನ್ (ಚಕ್ರವನ್ನು ಕಚ್ಚಿ ತಿರುಗಿಸುವ ಉದ್ದುದ್ದ ಗೆರೆಗಳು) ಹಲ್ಲು ಚೂಪಾಗಿದ್ದರೂ ಅದೇ ಮಾತು. ಹ್ಯಾಂಡ್‌ಬ್ರೇಕ್ ಹಾಕಿ, ಎತ್ತಿದ ಹಿಂಚಕ್ರವನ್ನು ಮುಂದೆ ಹಿಂದೆ ಅಲ್ಲಾಡಿಸಿದಾಗ ಟಿಕ್ ಅಂದರೆ ಸ್ಪ್ಲೈನ್ ಸವೆದಿದೆ.

ಆಕ್ಸಲ್ ಬದಲಿಸಿದವರು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ದಂಡ) ಬದಲಿಸಿದ್ದಾರೋ ನೋಡಿ, ಬ್ಯಾಂಜೊದ್ದೂ ಸಾಲಿಸ್‌ಬರಿಯದ್ದೂ ಉದ್ದ ಬೇರೆ. ಆಕ್ಸಲ್ ಪೂರ್ತಿ ಇಳಿಬಿಟ್ಟಾಗಲೂ ಪೂರ್ತಿ ಎತ್ತಿದಾಗಲೂ ಜಾರುವ ಸ್ಪ್ಲೈನಿಗೆ ಜಾಗ ಉಳಿದಿರಬೇಕು. ಟೈರ್ ವಿಂಗ್ ಅಂಚಿಗೆ ಉಜ್ಜುತ್ತಿದ್ದರೆ ಆಕ್ಸಲ್ ಬೋಲ್ಟ್-ಚಕ್ರದ ಗಾಡಿಯದ್ದು, ಅದು ವೈರ್ ವೀಲಿನ ಟ್ಯೂಬ್ ಆಕ್ಸಲ್‌ಗಿಂತ ಅಗಲ.

1280 ಅಂದರೆ ಒಂದು ಮೈಲಿಗೆ ಗೇರ್‌ಬಾಕ್ಸಿನಿಂದ ಮೀಟರಿಗೆ ಬರುವ ಕೇಬಲ್ 1280 ಸುತ್ತು ತಿರುಗಬೇಕು ಅಂತ. ಅದು ನಾಲ್ಕು ಸಿಂಕ್ರೊ ಗೇರ್‌ಬಾಕ್ಸಿನ ಮೀಟರ್. ನಿಮ್ಮ ಬಾಕ್ಸ್ ಎಷ್ಟು ತಿರುಗಿಸುತ್ತದೆ ಅಳೆಯಿರಿ. ಮೀಟರಿನಿಂದ ಕೇಬಲ್ ಬಿಚ್ಚಿ, ಒಳತಂತಿಗೆ ರಟ್ಟಿನ ಬಾಣ ಸಿಕ್ಕಿಸಿ. ಟೈರ್ ಗಾಳಿ ಸರಿಮಾಡಿ, ಗಾಡಿಯನ್ನು ನೇರ 16.09 ಮೀಟರ್ ತಳ್ಳಿ, ಸುತ್ತು ಎಣಿಸಿ ನೂರರಿಂದ ಗುಣಿಸಿ. ಅಷ್ಟು ದೂರ ಮೈಲಿಯ ನೂರನೇ ಒಂದು ಭಾಗ.

ಹಸಿರು_ರೋಡ್‌ಸ್ಟರ್

10 ಸುತ್ತು, ಮೇಲೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಬಲ ಮುಂದಿನ ಸ್ಪಿನ್ನರ್ 8, ನೀವು ಹೇಳಿದ ಹಾಗೇ.

ಸ್ಪ್ಯಾನರ್_ಭಟ್ರು

ಹಾಗಾದರೆ 1040 ಹತ್ತಿರ. 1040ನ್ನು 1280ರಿಂದ ಭಾಗಿಸಿ 60ರಿಂದ ಗುಣಿಸಿದರೆ 48.75. ನಿಮ್ಮ 49 ಅದೇ. ಕೇಬಲ್ಲಿಗೂ ಟೈರಿಗೂ ದೋಷ ಇಲ್ಲ. ಮೊದಲ ಸರಣಿಯ ಮೀಟರ್ ಹುಡುಕಿ, ಅಥವಾ ಇದನ್ನೇ 1040ಕ್ಕೆ ಕ್ಯಾಲಿಬ್ರೇಟ್ ಮಾಡಿಸಿ.

ಸ್ಟಾರ್ಟರ್: ಸೊಲೆನಾಯ್ಡ್ ದೂರ ಇದೆ ಅಂದರೆ ಹಳೆಯ ಇನರ್ಷಿಯಾ ಸ್ಟಾರ್ಟರ್, ತಿರುಗುವ ರಭಸಕ್ಕೇ ಅದರ ಪಿನಿಯನ್ (ಪುಟ್ಟ ಗೇರು) ಸರಿದು ಹಲ್ಲಿಗೆ ಬೀಳುತ್ತದೆ. ಎಂಜಿನ್ 18ಜಿಡಿ ಆದ್ದರಿಂದ ಫ್ಲೈವೀಲ್ ಪ್ರೀ-ಎಂಗೇಜ್ಡ್ ಸ್ಟಾರ್ಟರಿನದ್ದೇ ಉಳಿದಿರುವ ಸಾಧ್ಯತೆ ಹೆಚ್ಚು. ಸ್ಟಾರ್ಟರ್ ಕಳಚಿ ತೂತಿನಲ್ಲಿ ಟಾರ್ಚ್ ಬಿಡಿ. ಪಿನಿಯನ್ ಒಳಬರುವ ಬದಿಯಲ್ಲಿ ರಿಂಗ್ ಗೇರ್ (ಫ್ಲೈವೀಲ್ ಸುತ್ತಲಿನ ಹಲ್ಲಿನ ಬಳೆ) ಹಲ್ಲಿನ ಅಂಚು ಇಳಿಜಾರಾಗಿ ಕೊರೆದಿರಬೇಕು. ಇಳಿಜಾರು ಆಚೆ ಬದಿಗೆ ಇದ್ದು ಈಚೆ ಬದಿ ಚೌಕವಾಗಿ ಜಜ್ಜಿಹೋಗಿದ್ದರೆ ಅನುಮಾನ ಖಚಿತ. ಆಗ 18ಜಿಬಿಯ ಫ್ಲೈವೀಲ್ ಮತ್ತು ಬ್ಯಾಕ್‌ಪ್ಲೇಟ್ (ಎಂಜಿನ್ ಹಿಂಬದಿಯ ತಗಡು) ಜೋಡಿಯಾಗಿ ಬೇಕು. ಮೂರು ಬೇರಿಂಗಿನ 18ಜಿ, 18ಜಿಎ ಫ್ಲೈವೀಲ್ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ನಿಮ್ಮ ಕ್ರ್ಯಾಂಕಿಗೆ ಕೂರುವುದಿಲ್ಲ. ಎಂಜಿನ್ ಹೊರಗೆ ಬಂದಾಗ ಕ್ಲಚ್ ಮತ್ತು ಹಿಂದಿನ ಆಯಿಲ್ ಸೀಲ್ ಕೂಡ ನೋಡಿಬಿಡಿ.

ಲೂಕಸ್_ವೈರು

ಎಂಜಿನ್ ಎತ್ತೋ ಮುಂಚೆ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಕಾರಿನ ನಂಬರ್ ಕೊಟ್ಟು ಹೆರಿಟೇಜ್ ಸರ್ಟಿಫಿಕೇಟ್ ತರಿಸಿಕೊಳ್ಳಿ. ಕಾರ್ಖಾನೆಯಿಂದ ಹೊರಟಾಗಿನ ಎಂಜಿನ್ ನಂಬರ್, ಬಣ್ಣ ಅದರಲ್ಲಿರುತ್ತೆ. ಬಾನೆಟ್ಟಿಗೂ ಒಂದು ಅಯಸ್ಕಾಂತ ಹಿಡಿದು ನೋಡಿ. 1966ರದ್ದಾದರೆ ಅಲ್ಯೂಮಿನಿಯಂ, ಅಂಟಬಾರದು.

ಹಸಿರು_ರೋಡ್‌ಸ್ಟರ್

ಅಂಟಿತು ಸರ್.